ಪಾಪ್‌ಅಪ್ ಜಾಹೀರಾತು ಕಿತ್ತುಹಾಕುವ ಮುನ್ನ ಅದರ ಬೇರು ಎಲ್ಲಿದೆ ನೋಡಿ

‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಈಗಲೇ ಸ್ಕ್ಯಾನ್ ಮಾಡಿ’ ಎಂಬ ಸಂದೇಶ ಪರದೆಯ ಮೂಲೆಯಲ್ಲಿ ಎದ್ದ ಕೂಡಲೇ ಹೆಚ್ಚಿನವರು ಗೂಗಲ್ ತೆರೆದು, ಮೊದಲು ಸಿಕ್ಕ ಕ್ಲೀನರ್ ಇಳಿಸಿಕೊಂಡು ಓಡಿಸುತ್ತಾರೆ. ಕೆಲಸ ಕೆಡುವುದೇ ಅಲ್ಲಿ. ಆ್ಯಡ್‌ವೇರ್ (ಬೇಡದ ಜಾಹೀರಾತು ತುರುಕುವ ಸಾಫ್ಟ್‌ವೇರ್) ತೆಗೆಯುವುದು ಹೇಗೆ ಎಂದು ಹುಡುಕಿದಾಗ ಮೇಲೆ ಬರುವ ಎಷ್ಟೋ ಪುಟಗಳು ತಮ್ಮದೊಂದು ಸಾಫ್ಟ್‌ವೇರ್ ಮಾರಲೆಂದೇ ಬರೆದವು. ಅವು ಕೊಡುವ ಕೆಲವು ಕ್ಲೀನರ್‌ಗಳು ತಾವೇ ಆ್ಯಡ್‌ವೇರ್ ಜಾತಿಗೆ ಸೇರಿದವು. ಜಾಹೀರಾತು ಯಾವ ದಾರಿಯಲ್ಲಿ ಬರುತ್ತಿದೆ ಎಂದು ಮೊದಲು ಪತ್ತೆ ಮಾಡಿಕೊಂಡರೆ ಅನೇಕ ಸಲ ಯಾವ ಕ್ಲೀನರೂ ಬೇಕಾಗುವುದಿಲ್ಲ. ಬೇಕಾದಾಗಲೂ, ಯಾವುದನ್ನು ಮೊದಲು ತೆಗೆಯಬೇಕು ಎಂಬ ಕ್ರಮ ತಪ್ಪಿದರೆ ತೆಗೆದದ್ದೆಲ್ಲ ಮರುದಿನ ವಾಪಸ್ ಬಂದು ಕೂತಿರುತ್ತದೆ. ಇಲ್ಲಿ ಬರೆದಿರುವುದು ಮುಖ್ಯವಾಗಿ ವಿಂಡೋಸ್ 10 ಮತ್ತು 11ಕ್ಕೆ.

ಮೊದಲು ಏನನ್ನೂ ಮುಟ್ಟದೆ ಸ್ವಲ್ಪ ಹೊತ್ತು ಗಮನಿಸಿ. ಜಾಹೀರಾತು ಒಂದೇ ಜಾಲತಾಣದಲ್ಲಿ ಮಾತ್ರ ಬರುತ್ತಿದ್ದರೆ ಅದು ಆ ತಾಣದ್ದು, ನಿಮ್ಮ ಕಂಪ್ಯೂಟರಿನಲ್ಲಿ ಏನೂ ಇಲ್ಲ. ಪರದೆಯ ಬಲಗಡೆ ಕೆಳಮೂಲೆಯಲ್ಲಿ ಚಿಕ್ಕ ಚೌಕವಾಗಿ ಬಂದು, ಅದರಲ್ಲಿ ಬ್ರೌಸರಿನ ಹೆಸರೂ ಯಾವುದೋ ತಾಣದ ವಿಳಾಸವೂ ಕಂಡರೆ ಅದು ನೋಟಿಫಿಕೇಶನ್. ಒಂದು ಬ್ರೌಸರಿನಲ್ಲಿ ಎಲ್ಲ ತಾಣಗಳಲ್ಲೂ ಕಾಣಿಸಿಕೊಂಡು, ಇನ್ನೊಂದು ಬ್ರೌಸರಿನಲ್ಲಿ ಕಾಣಿಸದಿದ್ದರೆ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಮ್) ಮೇಲೆ ಅನುಮಾನ ಪಡಿ. ಎಲ್ಲ ಬ್ರೌಸರುಗಳಲ್ಲೂ ಬಂದರೆ ಯಾವುದೋ ಪ್ರೋಗ್ರಾಮ್ ಇಲ್ಲವೇ ಪ್ರಾಕ್ಸಿ, ಅಂದರೆ ಇಂಟರ್ನೆಟ್ ಸಂಚಾರವನ್ನು ತನ್ನ ಮೂಲಕ ಹಾಯಿಸುವ ಮಧ್ಯವರ್ತಿ. ಯಾರೂ ಮುಟ್ಟದಿದ್ದಾಗ ಬ್ರೌಸರ್ ತಾನಾಗಿ ತೆರೆದುಕೊಂಡು ಜಾಹೀರಾತಿನ ಪುಟ ತೋರಿಸಿದರೆ ನಿಗದಿಯಾದ ಕೆಲಸಗಳನ್ನು ತಾನಾಗಿ ಓಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹುಡುಕಬೇಕು. ಅದೇ ವೈಫೈಗೆ ಸೇರಿಸಿದ ಫೋನಿನಲ್ಲೂ ಅದೇ ಜಾಹೀರಾತು ಬರುತ್ತಿದ್ದು, ಮೊಬೈಲ್ ಡೇಟಾಗೆ ಬದಲಿಸಿದ ಕೂಡಲೇ ನಿಂತರೆ ದೋಷ ರೂಟರಿನದು. ಒಂದು ಎಚ್ಚರಿಕೆ: ವಿಂಡೋ ಮುಚ್ಚಿದ ಮಾತ್ರಕ್ಕೆ ಕ್ರೋಮ್ ನಿಂತಿತು ಎಂದುಕೊಳ್ಳಬೇಡಿ. ಅದರ ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ, ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಓಡಲು ಬಿಡುವ ಸ್ವಿಚ್ ಒಂದಿದೆ. ಪರೀಕ್ಷೆಗೆ ಮುಂಚೆ ಅದನ್ನು ಆಫ್ ಮಾಡಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಕ್ರೋಮ್ ಪೂರ್ತಿ ನಿಂತಿದೆಯೇ ನೋಡಿ.

ವೈರಸ್ ಎಂದು ಜನ ಹೆದರುವ ಪ್ರಕರಣಗಳಲ್ಲಿ ಬಹಳಷ್ಟು ಬರೀ ನೋಟಿಫಿಕೇಶನ್‌ಗಳೇ. ‘ನೀವು ರೋಬಾಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ’, ‘ವಿಡಿಯೋ ನೋಡಲು ಅಲೋ ಒತ್ತಿ’ ಎಂದು ಯಾವುದೋ ಪುಟ ಹೇಳಿರುತ್ತದೆ, ಒತ್ತಿರುತ್ತೇವೆ. ನಿಜವಾದ ಕ್ಯಾಪ್ಚಾ (ನೀವು ಮನುಷ್ಯರೇ ಎಂದು ನೋಡುವ ಪರೀಕ್ಷೆ) ಯಾವತ್ತೂ ಬ್ರೌಸರಿನ ಅಲೋ ಗುಂಡಿಯನ್ನು ಕೇಳುವುದಿಲ್ಲ. ಒಮ್ಮೆ ಅನುಮತಿ ಸಿಕ್ಕಿತೆಂದರೆ ಆ ತಾಣವನ್ನು ಮತ್ತೆ ತೆರೆಯದಿದ್ದರೂ ಅದು ಸಂದೇಶ ಕಳಿಸುತ್ತಲೇ ಇರಬಹುದು. ಇಲ್ಲಿ ಕಂಪ್ಯೂಟರಿಗೆ ಯಾವ ಫೈಲೂ ಬಂದಿಲ್ಲ, ಇರುವುದು ಒಂದು ಅನುಮತಿ ಅಷ್ಟೆ. ಆದ್ದರಿಂದಲೇ ಆಂಟಿವೈರಸ್ ಎಷ್ಟು ಸಲ ಓಡಿಸಿದರೂ ಏನೂ ಸಿಗುವುದಿಲ್ಲ.

ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಎಂದು ಹೋಗಿ. ಅನುಮತಿ ಪಡೆದ ತಾಣಗಳ ಪಟ್ಟಿ ಅಲ್ಲಿದೆ. ಗುರುತಿಲ್ಲದ ಹೆಸರಿನ ಪಕ್ಕದ ಮೂರು ಚುಕ್ಕಿ ಒತ್ತಿ ಬ್ಲಾಕ್ ಮಾಡಿ. ರಿಮೂವ್ ಮಾಡಿದರೆ ಅನುಮತಿ ಹೋಗುತ್ತದೆ, ಆದರೆ ಆ ತಾಣ ಇನ್ನೊಮ್ಮೆ ಕೇಳಬಹುದು. ಬ್ಲಾಕ್ ಮಾಡಿದರೆ ಕೇಳುವುದೂ ನಿಲ್ಲುತ್ತದೆ. ಪಟ್ಟಿಯ ಮೇಲೆ, ಯಾವ ತಾಣವೂ ನೋಟಿಫಿಕೇಶನ್ ಕೇಳದಂತೆ ಮಾಡುವ ಆಯ್ಕೆಯಿದೆ. ಇಮೇಲ್, ಕ್ಯಾಲೆಂಡರ್ ಸಂದೇಶ ಬ್ರೌಸರಿನಲ್ಲಿ ಬೇಕಾದವರನ್ನು ಬಿಟ್ಟರೆ ಉಳಿದವರೆಲ್ಲ ಅದನ್ನು ಹಾಕಿಕೊಳ್ಳುವುದೇ ಒಳ್ಳೆಯದು. ಫೈರ್‌ಫಾಕ್ಸ್‌ನಲ್ಲಿ ಇದು ಪ್ರೈವಸಿ ಆ್ಯಂಡ್ ಸೆಕ್ಯುರಿಟಿಯ ಪರ್ಮಿಶನ್ಸ್ ಭಾಗದಲ್ಲಿ ಇದೆ, ಎಡ್ಜ್‌ನಲ್ಲಿ ಸೈಟ್ ಪರ್ಮಿಶನ್ಸ್ ಒಳಗೆ.

ಇದಕ್ಕೆ ಹತ್ತಿರದ್ದು ಪೂರ್ತಿ ಪರದೆ ಆಕ್ರಮಿಸಿ, ಸದ್ದು ಮಾಡುತ್ತ, ಫೋನ್ ನಂಬರ್ ತೋರಿಸುವ ‘ಸಪೋರ್ಟ್’ ಪುಟ. ಅದು ಕೇವಲ ಒಂದು ವೆಬ್ ಪುಟ. ಎಸ್ಕೇಪ್ ಕೀಯನ್ನು ಒತ್ತಿ ಹಿಡಿದರೆ ಪೂರ್ಣಪರದೆ ಬಿಡುತ್ತದೆ, ಬಿಡದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನು ಕೊನೆಗೊಳಿಸಿ. ಮತ್ತೆ ತೆರೆದಾಗ ಹಿಂದಿನ ಪುಟಗಳನ್ನು ರಿಸ್ಟೋರ್ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ. ಆ ನಂಬರಿಗೆ ಮಾತ್ರ ಕರೆ ಮಾಡಬೇಡಿ. ಆ ಕಡೆಯವರು ಮೊದಲು ಕೇಳುವುದೇ ದೂರದಿಂದ ನಿಮ್ಮ ಕಂಪ್ಯೂಟರ್ ನಡೆಸಲು ಬಿಡುವ ರಿಮೋಟ್ ಆ್ಯಪ್ ಹಾಕಿಕೊಳ್ಳಿ ಎಂದು.

ಈಗ ನಿಜವಾದ ಆ್ಯಡ್‌ವೇರ್. ಎಕ್ಸ್‌ಟೆನ್ಶನ್‌ಗಳ ಪುಟ ತೆರೆದು ಎಲ್ಲವನ್ನೂ ಆಫ್ ಮಾಡಿ, ಜಾಹೀರಾತು ನಿಂತಿತೇ ನೋಡಿ. ನಿಂತರೆ ಒಂದೊಂದಾಗಿ ಆನ್ ಮಾಡುತ್ತ ಬನ್ನಿ. ಹಳೆಯದು, ವರ್ಷಗಳಿಂದ ನಂಬಿದ್ದು ಎಂಬ ಕಾರಣಕ್ಕೆ ಯಾವುದನ್ನೂ ಬಿಡಬೇಡಿ. ಎಕ್ಸ್‌ಟೆನ್ಶನ್‌ಗಳು ಕೈಬದಲಾಗುತ್ತವೆ, ಹೊಸ ಮಾಲೀಕ ಮುಂದಿನ ಅಪ್‌ಡೇಟ್‌ನಲ್ಲಿ ಬೇರೆ ಕೋಡ್ ಸೇರಿಸಬಹುದು, ಅಪ್‌ಡೇಟ್ ತಾನಾಗಿಯೇ ಬಂದು ಕೂರುತ್ತದೆ. ಟ್ಯಾಬ್‌ಗಳನ್ನು ಮಲಗಿಸಿ ಮೆಮೊರಿ ಉಳಿಸುತ್ತಿದ್ದ ದಿ ಗ್ರೇಟ್ ಸಸ್ಪೆಂಡರ್ 2020ರಲ್ಲಿ ಹೀಗೆ ಮಾರಾಟವಾಗಿ, 2021ರ ಫೆಬ್ರವರಿಯಲ್ಲಿ ಮಾಲ್‌ವೇರ್ (ಹಾನಿ ಮಾಡುವ ಸಾಫ್ಟ್‌ವೇರ್) ಎಂಬ ಕಾರಣಕ್ಕೆ ಗೂಗಲ್ ಅದನ್ನು ತೆಗೆದುಹಾಕಿತು.

ರಿಮೂವ್ ಗುಂಡಿಯೇ ಇಲ್ಲದ ಎಕ್ಸ್‌ಟೆನ್ಶನ್ ಕಂಡು, ಅಡ್ಮಿನಿಸ್ಟ್ರೇಟರ್ ಹಾಕಿದ್ದು ಎಂಬ ಸಾಲು ಇದ್ದರೆ, ಅಥವಾ ಸ್ವಂತ ಕಂಪ್ಯೂಟರಿನ ಕ್ರೋಮ್ ಮೆನುವಿನಲ್ಲಿ ‘ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್’ ಎಂದು ಬಂದರೆ ಅಲ್ಲಿ ಪಾಲಿಸಿ, ಅಂದರೆ ಬಳಕೆದಾರ ಬದಲಿಸಲಾಗದಂತೆ ಹೇರಿದ ಸೆಟ್ಟಿಂಗ್, ಕೂತಿದೆ ಎಂದರ್ಥ. ಕಚೇರಿಗಳಿಗೆಂದು ಕೊಟ್ಟಿರುವ ಸೌಲಭ್ಯವನ್ನು ಆ್ಯಡ್‌ವೇರ್ ತನಗೆ ಬಳಸಿಕೊಂಡಿದೆ. ಕೆಲವು ಆಂಟಿವೈರಸ್‌ಗಳೂ ಪಾಲಿಸಿ ಹಾಕುತ್ತವೆ, ಹಾಗಾಗಿ ಸಾಲು ಕಂಡ ತಕ್ಷಣ ಗಾಬರಿ ಬೇಡ. ಕ್ರೋಮ್‌ನ ಪಾಲಿಸಿ ಪುಟದಲ್ಲಿ ಏನಿದೆ ಎಂದು ಓದಿ. ‘ಎಕ್ಸ್‌ಟೆನ್ಶನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್’ ಎಂಬ ಪಾಲಿಸಿಯ ಎದುರು 32 ಅಕ್ಷರಗಳ ಒಂದು ಐಡಿ ಇದ್ದು, ಅದು ಆ ಹಟಮಾರಿ ಎಕ್ಸ್‌ಟೆನ್ಶನ್‌ನ ಐಡಿಗೆ ಹೊಂದಿದರೆ ಕಳ್ಳ ಸಿಕ್ಕಿದಂತೆ. ರಿಜಿಸ್ಟ್ರಿ ಎಡಿಟರ್ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳನ್ನು ತಿದ್ದುವ ಸಾಧನ) ತೆರೆದು ಲೋಕಲ್ ಮಷೀನ್ ಮತ್ತು ಕರೆಂಟ್ ಯೂಸರ್ ಎರಡರಲ್ಲೂ ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಎಂಬ ಕೀವರೆಗೆ ಹೋಗಿ, ಮೊದಲು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಂಡು, ಆ ನಮೂದನ್ನು ಅಳಿಸಿ. ಕಚೇರಿಯ ಕಂಪ್ಯೂಟರ್ ಆದರೆ ಇದನ್ನು ಮುಟ್ಟಬೇಡಿ, ಅಲ್ಲಿನ ಐಟಿ ವಿಭಾಗಕ್ಕೆ ತಿಳಿಸಿ.

ಆದರೆ ಇದೆಲ್ಲ ಮಾಡುವುದಕ್ಕೂ ಮುಂಚೆ, ಎಕ್ಸ್‌ಟೆನ್ಶನ್ನನ್ನು ಮತ್ತೆ ಮತ್ತೆ ತಂದು ಹಾಕುವುದನ್ನು ತೆಗೆಯಬೇಕು. 2022ರಲ್ಲಿ ಹರಡಿದ ಕ್ರೋಮ್‌ಲೋಡರ್ ಎಂಬ ಮಾಲ್‌ವೇರ್ ಇದಕ್ಕೆ ಒಳ್ಳೆಯ ಉದಾಹರಣೆ. ಕ್ರ್ಯಾಕ್ ಮಾಡಿದ ಗೇಮ್, ಸಾಫ್ಟ್‌ವೇರ್ ಹೆಸರಿನ ಐಎಸ್ಒ ಫೈಲಿನಲ್ಲಿ ಬಂದು, ಟಾಸ್ಕ್ ಶೆಡ್ಯೂಲರ್‌ನಲ್ಲಿ ಒಂದು ಕೆಲಸ ಬರೆದಿಟ್ಟು, ಪವರ್‌ಶೆಲ್ (ವಿಂಡೋಸ್‌ನಲ್ಲಿ ಆಜ್ಞೆಗಳನ್ನು ಓಡಿಸುವ ಸಾಧನ) ಮೂಲಕ ಎಕ್ಸ್‌ಟೆನ್ಶನ್ ಹಾಕುತ್ತಿತ್ತು. ಎಕ್ಸ್‌ಟೆನ್ಶನ್ ತೆಗೆದವರಿಗೆ ಅದು ಸ್ವಲ್ಪ ಹೊತ್ತಿಗೆ ಮತ್ತೆ ಪ್ರತ್ಯಕ್ಷವಾಗುತ್ತಿತ್ತು, ಏಕೆಂದರೆ ಶೆಡ್ಯೂಲರ್‌ನ ಕೆಲಸ ಹಾಗೆಯೇ ಇರುತ್ತಿತ್ತು.

ಆದ್ದರಿಂದ ನಾನು ಹೇಳುವ ಕ್ರಮ ಇದು. ಮೊದಲು ಬ್ರೌಸರ್ ಸಿಂಕ್, ಅಂದರೆ ಖಾತೆಯ ಮೂಲಕ ಎಲ್ಲ ಸಾಧನಗಳಲ್ಲೂ ಒಂದೇ ಸೆಟ್ಟಿಂಗ್ ಇರಿಸುವ ಸೌಲಭ್ಯ, ನಿಲ್ಲಿಸಿ. ಇಲ್ಲದಿದ್ದರೆ ಇಲ್ಲಿ ತೆಗೆದದ್ದು ಖಾತೆಯಿಂದ ಮರಳಿ ಇಳಿಯುತ್ತದೆ, ಬೇರೆ ಕಂಪ್ಯೂಟರುಗಳಿಗೂ ಹರಡುತ್ತದೆ. ನಂತರ ಟಾಸ್ಕ್ ಶೆಡ್ಯೂಲರ್ ತೆರೆದು ಲೈಬ್ರರಿಯ ಒಂದೊಂದು ಕೆಲಸವನ್ನೂ ಆರಿಸಿ ಆ್ಯಕ್ಷನ್ಸ್ ಟ್ಯಾಬ್ ನೋಡಿ. ಹೆಸರನ್ನು ನಂಬಬೇಡಿ, ಏನನ್ನು ಓಡಿಸುತ್ತದೆ ಎಂಬುದೇ ಮುಖ್ಯ. ಬ್ರೌಸರಿನ ಮುಂದೆ ಜಾಲತಾಣದ ವಿಳಾಸ ಅಂಟಿಸಿದ್ದು, ಉದ್ದನೆಯ ಅರ್ಥವಾಗದ ಅಕ್ಷರಮಾಲೆ ಹೊತ್ತ ಪವರ್‌ಶೆಲ್, ಆ್ಯಪ್‌ಡೇಟಾ ಇಲ್ಲವೇ ಟೆಂಪ್ ಫೋಲ್ಡರಿನ ವಿಚಿತ್ರ ಹೆಸರಿನ ಫೈಲ್: ಈ ಮೂರೂ ಅನುಮಾನಕ್ಕೆ ಯೋಗ್ಯ. ಗೂಗಲ್, ಎಡ್ಜ್, ಒನ್‌ಡ್ರೈವ್ ಅಪ್‌ಡೇಟ್ ಕೆಲಸಗಳು ಅಲ್ಲಿ ಸಹಜವಾಗಿಯೇ ಇರುತ್ತವೆ. ಅನುಮಾನ ಬಂದದ್ದನ್ನು ಮೊದಲು ಡಿಸೇಬಲ್ ಮಾಡಿ, ಎರಡು ದಿನ ತೊಂದರೆ ಕಾಣದಿದ್ದರೆ ಅಳಿಸಿ. ಜೊತೆಗೆ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪಟ್ಟಿಯನ್ನೂ ನೋಡಿ. ಇನ್ನೂ ಆಳಕ್ಕೆ ಹೋಗಬೇಕಾದರೆ ಮೈಕ್ರೋಸಾಫ್ಟ್‌ನದೇ ಉಚಿತ ಸಿಸ್‌ಇಂಟರ್ನಲ್ಸ್ ಬಳಗದ ತಾನಾಗಿ ಶುರುವಾಗುವುದನ್ನೆಲ್ಲ ಪಟ್ಟಿ ಮಾಡುವ ಆಟೋರನ್ಸ್‌ಗೆ ಸಾಟಿಯಿಲ್ಲ. ಆಪ್ಶನ್ಸ್‌ನಲ್ಲಿ ಮೈಕ್ರೋಸಾಫ್ಟ್ ನಮೂದುಗಳನ್ನು ಮರೆಮಾಡಿದರೆ ಉಳಿಯುವ ಪಟ್ಟಿ ಓದುವಷ್ಟು ಚಿಕ್ಕದಾಗುತ್ತದೆ. ಅಲ್ಲೂ ಅಳಿಸುವ ಬದಲು ಟಿಕ್ ತೆಗೆಯಿರಿ.

ಮುಂದೆ ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಮ್ಸ್ ಆ್ಯಂಡ್ ಫೀಚರ್ಸ್. ಪಟ್ಟಿಯನ್ನು ಇನ್‌ಸ್ಟಾಲ್ ಆದ ದಿನಾಂಕದ ಮೇಲೆ ಜೋಡಿಸಿ. ತೊಂದರೆ ಶುರುವಾದ ದಿನದ ಆಸುಪಾಸಿನಲ್ಲಿ ಒಂದೇ ದಿನ ಮೂರುನಾಲ್ಕು ಹೆಸರುಗಳು ಸೇರಿದ್ದರೆ, ಯಾವುದೋ ಉಚಿತ ಪ್ಲೇಯರ್ ಅಥವಾ ಪಿಡಿಎಫ್ ಕನ್ವರ್ಟರ್ ಜೊತೆ ಉಳಿದವು ಕಟ್ಟಿಕೊಂಡು ಬಂದಿರುತ್ತವೆ. ಇವುಗಳ ಅನ್‌ಇನ್‌ಸ್ಟಾಲರ್ ಓದುವಾಗ ಎಚ್ಚರವಿರಲಿ: ‘ತೆಗೆಯುವ ಬದಲು ಇಟ್ಟುಕೊಳ್ಳಿ’ ಎಂಬುದೇ ದೊಡ್ಡ ಬಣ್ಣದ ಗುಂಡಿಯಾಗಿ, ತೆಗೆಯುವ ಗುಂಡಿ ಬೂದು ಬಣ್ಣದಲ್ಲಿ ಅಡಗಿರುವುದು ಮಾಮೂಲು. ಅನ್‌ಇನ್‌ಸ್ಟಾಲ್ ಆಗಲು ಒಪ್ಪದಿದ್ದರೆ ಸೇಫ್ ಮೋಡ್‌ನಲ್ಲಿ ಪ್ರಯತ್ನಿಸಿ. ಶಿಫ್ಟ್ ಒತ್ತಿ ಹಿಡಿದು ರಿಸ್ಟಾರ್ಟ್ ಮಾಡಿದರೆ ಟ್ರಬಲ್‌ಶೂಟ್ ಮೂಲಕ ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್‌ಗೆ ಹೋಗಬಹುದು. ಅಲ್ಲಿ 4 ಒತ್ತಿದರೆ ಸೇಫ್ ಮೋಡ್, 5 ಒತ್ತಿದರೆ ಇಂಟರ್ನೆಟ್ ಸಹಿತ.

ಇಷ್ಟಾದ ಮೇಲೆ ಪಾಲಿಸಿ, ಆಮೇಲೆ ಎಕ್ಸ್‌ಟೆನ್ಶನ್, ಕೊನೆಗೆ ಬ್ರೌಸರ್ ರೀಸೆಟ್. ಕ್ರೋಮ್ ರೀಸೆಟ್ ಮಾಡಿದರೆ ಹೋಮ್ ಪೇಜ್, ಸರ್ಚ್ ಎಂಜಿನ್ ಮೊದಲಿನಂತಾಗುತ್ತವೆ, ಎಕ್ಸ್‌ಟೆನ್ಶನ್‌ಗಳು ಆಫ್ ಆಗುತ್ತವೆ. ಬುಕ್‌ಮಾರ್ಕ್, ಹಿಸ್ಟರಿ, ಉಳಿಸಿದ ಪಾಸ್‌ವರ್ಡ್ ಹೋಗುವುದಿಲ್ಲ. ಬ್ರೌಸರಿನ ಶಾರ್ಟ್‌ಕಟ್ ಮೇಲೆ ಬಲಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್ ಸಾಲಿನ ತುದಿಯನ್ನೂ ನೋಡಿ. ಬ್ರೌಸರ್ ಫೈಲಿನ ಹೆಸರಿನ ನಂತರ ಯಾವುದೋ ವಿಳಾಸ ಇದ್ದರೆ ಅಳಿಸಿ. ರೀಸೆಟ್ ಮಾಡಿದರೂ ಹೋಮ್ ಪೇಜ್ ಬದಲಾಗದಿರಲು ಎಷ್ಟೋ ಸಲ ಇದೇ ಕಾರಣ.

ಆ್ಯಡ್‌ವೇರ್ ತೆಗೆದ ಮೇಲೆ ಇಂಟರ್ನೆಟ್ಟೇ ಬರುತ್ತಿಲ್ಲ ಎನ್ನುವವರು ಪ್ರಾಕ್ಸಿ ನೋಡಬೇಕು. ಕೆಲವು ಆ್ಯಡ್‌ವೇರ್‌ಗಳು ಎಲ್ಲ ಸಂಚಾರವನ್ನೂ 127.0.0.1 ಎಂಬ ವಿಳಾಸಕ್ಕೆ, ಅಂದರೆ ಅದೇ ಕಂಪ್ಯೂಟರಿನಲ್ಲಿ ಓಡುವ ತಮ್ಮ ಪ್ರೋಗ್ರಾಮಿಗೆ ತಿರುಗಿಸಿ ಪುಟಗಳಿಗೆ ಜಾಹೀರಾತು ತುರುಕುತ್ತವೆ. ಸ್ಕ್ಯಾನರ್ ಆ ಪ್ರೋಗ್ರಾಮನ್ನು ಅಳಿಸುತ್ತದೆ, ಸೆಟ್ಟಿಂಗ್ ಉಳಿಯುತ್ತದೆ, ಬ್ರೌಸರ್ ಇಲ್ಲದ ಬಾಗಿಲನ್ನು ತಟ್ಟುತ್ತಿರುತ್ತದೆ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಪ್ರಾಕ್ಸಿಗೆ ಹೋಗಿ ಮ್ಯಾನುಯಲ್ ಪ್ರಾಕ್ಸಿಯನ್ನೂ ಸೆಟಪ್ ಸ್ಕ್ರಿಪ್ಟನ್ನೂ ಆಫ್ ಮಾಡಿ. ರೂಟರಿನಲ್ಲಿ ದೋಷವಿದ್ದರೆ ಅದರ ಪುಟಕ್ಕೆ ಲಾಗಿನ್ ಆಗಿ ಡಿಎನ್‌ಎಸ್ (ತಾಣದ ಹೆಸರನ್ನು ಅಂಕಿಗಳ ವಿಳಾಸಕ್ಕೆ ಬದಲಿಸುವ ಸೇವೆ) ವಿಳಾಸ ಪರೀಕ್ಷಿಸಿ. ಫ್ಯಾಕ್ಟರಿ ರೀಸೆಟ್ ಮಾಡಿ, ಫರ್ಮ್‌ವೇರ್ (ರೂಟರಿನ ಒಳಗಿನ ಸಾಫ್ಟ್‌ವೇರ್) ನವೀಕರಿಸಿ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿ.

ಸ್ಕ್ಯಾನರ್ ಓಡಿಸಲು ಈಗ ಹೊತ್ತು. ವಿಂಡೋಸ್ ಸೆಕ್ಯುರಿಟಿಯಲ್ಲಿ ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್, ಅದರೊಳಗಿನ ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್ ತೆರೆದು, ಬೇಡದ ಆ್ಯಪ್‌ಗಳನ್ನು ತಡೆಯುವ ಸ್ವಿಚ್ ಆನ್ ಇದೆಯೇ ನೋಡಿಕೊಂಡು ಫುಲ್ ಸ್ಕ್ಯಾನ್ ಮಾಡಿ. ಆ ಸ್ವಿಚ್ ಆರಿದ್ದರೆ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಎಷ್ಟೋ ಆ್ಯಡ್‌ವೇರ್‌ಗಳನ್ನು ಕಂಡೂ ಸುಮ್ಮನಿರುತ್ತದೆ. ಎರಡನೆಯ ಅಭಿಪ್ರಾಯಕ್ಕೆ ಆ್ಯಡ್‌ಡಬ್ಲ್ಯೂಕ್ಲೀನರ್ ಸಾಕು. 2016ರಿಂದ ಅದು ಮಾಲ್‌ವೇರ್‌ಬೈಟ್ಸ್ ಕಂಪನಿಯ ಕೈಯಲ್ಲಿದೆ, ಇನ್‌ಸ್ಟಾಲ್ ಮಾಡಬೇಕಿಲ್ಲ, ಅವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಕಂಪ್ಯೂಟರಿನ ಜೊತೆಗೇ ಬಂದ ಸಾಫ್ಟ್‌ವೇರ್‌ಗಳನ್ನು ಅದು ಬೇರೆಯಾಗಿ ತೋರಿಸುತ್ತದೆ, ಕೀಬೋರ್ಡಿನ ವಿಶೇಷ ಗುಂಡಿಗಳಂಥವಕ್ಕೆ ಬೇಕಾದದ್ದೂ ಅದರಲ್ಲಿ ಇರಬಹುದು, ನೋಡಿ ಟಿಕ್ ಮಾಡಿ. ಕ್ರೋಮ್‌ನೊಳಗಿನ ಕ್ಲೀನಪ್ ಟೂಲ್ ಬಳಸಿ ಎನ್ನುವ ಹಳೆಯ ಲೇಖನಗಳನ್ನು ಬಿಡಿ, ಗೂಗಲ್ ಅದನ್ನು 2023ರಲ್ಲೇ ತೆಗೆದಿದೆ.

ಮ್ಯಾಕ್‌ನಲ್ಲಿ ಪಾಲಿಸಿ, ಶೆಡ್ಯೂಲರ್‌ಗಳ ಕೆಲಸವನ್ನು ಪ್ರೊಫೈಲ್‌ಗಳೂ ಲೈಬ್ರರಿ ಫೋಲ್ಡರಿನ ಲಾಂಚ್ ಏಜೆಂಟ್ಸ್, ಲಾಂಚ್ ಡೀಮನ್ಸ್ ಫೋಲ್ಡರುಗಳೂ ಮಾಡುತ್ತವೆ. ಕ್ರಮ ಅದೇ: ಮೊದಲು ಅವು, ಆಮೇಲೆ ಆ್ಯಪ್, ಕೊನೆಗೆ ಎಕ್ಸ್‌ಟೆನ್ಶನ್.

ಡಿಫೆಂಡರ್ ತೋರಿಸುವ ಹೆಸರಿನ ಮೊದಲ ಭಾಗವನ್ನು ಗಮನವಿಟ್ಟು ಓದಿ. ‘ಪಿಯುಎ’ (ಬೇಡದ ಆ್ಯಪ್) ಅಥವಾ ‘ಆ್ಯಡ್‌ವೇರ್’ ಎಂದಿದ್ದರೆ ಮೇಲಿನ ಶುಚಿ ಸಾಕು. ‘ಟ್ರೋಜನ್’ (ಒಳ್ಳೆಯ ಪ್ರೋಗ್ರಾಮಿನ ವೇಷದಲ್ಲಿ ಬರುವ ಮಾಲ್‌ವೇರ್) ಎಂದಿದ್ದರೆ, ಅದರಲ್ಲೂ ತೊಂದರೆ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿದ ನಂತರ ಶುರುವಾಗಿದ್ದರೆ, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳೂ ಲಾಗಿನ್ ಆಗಿರುವುದನ್ನು ನೆನಪಿಡುವ ಕುಕ್ಕಿಗಳೂ ಈಗಾಗಲೇ ಹೊರಗೆ ಹೋಗಿರಬಹುದು ಎಂದೇ ಲೆಕ್ಕ ಹಾಕಿ. ಆಗ ಇನ್ನೊಂದು ಸ್ವಚ್ಛ ಸಾಧನದಿಂದ ಮೊದಲು ಇಮೇಲ್, ನಂತರ ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಪ್ರತಿ ಖಾತೆಯಲ್ಲೂ ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡುವ ಆಯ್ಕೆಯನ್ನು ತಪ್ಪದೆ ಒತ್ತಿ, ಏಕೆಂದರೆ ಪಾಸ್‌ವರ್ಡ್ ಬದಲಿಸಿದರೂ ಕದ್ದ ಕುಕ್ಕಿ ಕೆಲವು ಕಡೆ ಚಾಲ್ತಿಯಲ್ಲೇ ಇರುತ್ತದೆ. ನಿಮ್ಮ ದಾಖಲೆ, ಫೋಟೋಗಳನ್ನು ಮಾತ್ರ ಬ್ಯಾಕಪ್ ತೆಗೆದುಕೊಳ್ಳಿ, ಇನ್‌ಸ್ಟಾಲರ್ ಫೈಲುಗಳನ್ನು ಬಿಡಿ. ಆಮೇಲೆ ‘ರೀಸೆಟ್ ದಿಸ್ ಪಿಸಿ’ಯಲ್ಲಿ ಎಲ್ಲವನ್ನೂ ಅಳಿಸುವ ಆಯ್ಕೆ ಮತ್ತು ಕ್ಲೌಡ್ ಡೌನ್‌ಲೋಡ್ ಆರಿಸಿ ವಿಂಡೋಸನ್ನು ಹೊಸದಾಗಿ ಹಾಕಿ.