ಸತ್ತವನ ಕಡೆಯವರು

‘ಡೆತ್ ಕಮ್ಸ್ ಟು ಪೆಂಬರ್ಲಿ’ಯ ಮೂರನೇ ಕಂತು ಮುಗಿದು ಪರದೆಯ ಮೇಲೆ ನಟರ ಹೆಸರುಗಳು ಏರುತ್ತಿದ್ದವು. ಇನ್ನೇನು ನೇಣಿಗೇರಬೇಕಿದ್ದ ವಿಕಮ್ ಬಚಾವಾಗಿದ್ದ, ಡಾರ್ಸಿಯ ದೊಡ್ಡಮನೆ ಪೆಂಬರ್ಲಿಯ ಮಾನ ಉಳಿದಿತ್ತು, ಅಲ್ಲಿಯವರೆಗೆ ಬಿಗಿದುಕೊಂಡೇ ಇದ್ದ ಡಾರ್ಸಿ-ಎಲಿಜಬೆತ್ ದಂಪತಿ ಮತ್ತೆ ಒಂದಾಗಿದ್ದರು. ಸದ್ಯ ಎಲ್ಲ ನೆಟ್ಟಗಾಯಿತು ಎಂದು ನಾನು ಕಾಲು ಚಾಚುವಷ್ಟರಲ್ಲಿ ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ ಕೇಳಿದರು.

“ಅದೆಲ್ಲ ಇರ್ಲಿ ಕಣೆ, ಸತ್ತವನ ಕಡೆಯವರು ಯಾರು ಬಂದಿದ್ರು?”

“ಡೆನ್ನಿ ಕಡೆಯವರಾ? ಯಾರೂ ಬರ್ಲಿಲ್ಲ ಅತ್ತೆ.”

“ಬರ್ಲಿಲ್ಲ ಅಂದ್ರೆ? ಮಿಲಿಟರಿಯವನು. ರೆಕಾರ್ಡಲ್ಲಿ ಊರು, ಅಪ್ಪನ ಹೆಸರು ಇರ್ಲೇಬೇಕಲ್ಲ. ಒಂದು ಕಾಗದನಾದ್ರೂ ಹಾಕ್ಲಿಲ್ವಾ?”

ಈ ವಾರವೆಲ್ಲ ಇದೇ ಮಾತು. ಕುಕ್ಕರ್ ಇಟ್ಟು ನಿಂತರೆ ಇದೇ, ಬಸ್ಸಿನಲ್ಲಿ ಕೂತರೆ ಇದೇ.

ಅತ್ತೆ ಜಿಲ್ಲಾ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದು, ಶಿರಸ್ತೇದಾರರಾಗಿ ನಿವೃತ್ತರಾದವರು. ಮೊಣಕಾಲಿನ ಚಿಕಿತ್ಸೆಗೆಂದು ನಮ್ಮಲ್ಲಿ ಉಳಿದಿದ್ದಾರೆ. ಧಾರಾವಾಹಿ ಅವರಿಗೆ ಆಗಿಬರುವುದಿಲ್ಲ. ಅವುಗಳಲ್ಲಿ ಕೋರ್ಟು ತೋರಿಸುವ ರೀತಿ ಕಂಡರೆ ಬಿಪಿ ಏರುತ್ತದೆ. ಹಾಗಾಗಿ ‘ಡೆತ್ ಕಮ್ಸ್ ಟು ಪೆಂಬರ್ಲಿ’ ಹಾಕುವ ಮುಂಚೆ ನಾನು ಹೆದರಿಕೊಂಡೇ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಥೆಯನ್ನು ಚುಟುಕಾಗಿ ಹೇಳಿದೆ. ಅವರು ಅದನ್ನು ಇನ್ನೂ ಚುಟುಕಾಗಿಸಿದರು: “ಅಂದ್ರೆ ಐದು ಹೆಣ್ಮಕ್ಕಳು, ಗಂಡು ಸಂತಾನ ಇಲ್ಲ, ಆಸ್ತಿ ದಾಯಾದಿಗೆ. ಸರಿ, ಮುಂದೆ ಹೇಳು.” ಜೇನ್ ಆಸ್ಟಿನ್ ಅಭಿಮಾನಿಗಳಿಗೆ ಇದು ಅಪಚಾರ ಅನ್ನಿಸಬಹುದು. ನನಗಂತೂ ಎಷ್ಟೋ ಮುನ್ನುಡಿಗಳಿಗಿಂತ ಇದು ಮೇಲು ಅನ್ನಿಸಿತು.

ಪಿ. ಡಿ. ಜೇಮ್ಸ್ ಎಂದರೆ ಪತ್ತೇದಾರಿ ಕಥೆಗಳ ದೊಡ್ಡಮ್ಮ. ಪಿ. ಡಿ. ಜೇಮ್ಸ್ ಎಂದರೆ ಪತ್ತೇದಾರಿ ಕಥೆಗಳ ದೊಡ್ಡಮ್ಮ. ಬಿಬಿಸಿ ಅದನ್ನು ಮೂರು ಕಂತು ಮಾಡಿ 2013ರ ಡಿಸೆಂಬರ್ 26, 27, 28ರಂದು ತೋರಿಸಿತು. ಮೂಲ ಕಾದಂಬರಿಗೆ ಇನ್ನೂರು ವರ್ಷ ತುಂಬಿದ ವರ್ಷ ಅದು. ಹೊರಗಿನಿಂದ ಕಾಣುವ ಪೆಂಬರ್ಲಿ ಡರ್ಬಿಷೈರಿನ ಚಾಟ್ಸ್‌ವರ್ತ್ ಅರಮನೆ. ಎಲಿಜಬೆತ್ ಆಗಿ ಆನಾ ಮ್ಯಾಕ್ಸ್‌ವೆಲ್ ಮಾರ್ಟಿನ್, ಡಾರ್ಸಿಯಾಗಿ ಮ್ಯಾಥ್ಯೂ ರೀಸ್. ನನ್ನ ಗೆಳತಿಯೊಬ್ಬಳು “ಎಲಿಜಬೆತ್ ಇಷ್ಟು ಸಾದಾ ಇರ್ತಾಳಾ?” ಎಂದು ರಾಗ ತೆಗೆದಳು. ಮದುವೆಯಾಗಿ ಆರು ವರ್ಷವಾದ, ಮನೆ ತುಂಬ ಆಳುಕಾಳು ಸಂಭಾಳಿಸುವ ಹೆಂಗಸು ಮತ್ತೆ ಹೇಗಿರಬೇಕಿತ್ತೋ. ಅವಳಿಗೆ ಅಂದದ ನಾಯಕಿಯರು ಬೇಕು, ಯಾವಾಗಲೂ ಹಾಗೇ.

ಕಥೆ 1803ರದ್ದು. ಪೆಂಬರ್ಲಿಯಲ್ಲಿ ಮರುದಿನ ನೃತ್ಯಕೂಟ. ಬೆಳ್ಳಿ ಪಾತ್ರೆ ತಿಕ್ಕುತ್ತಿದ್ದಾರೆ, ಅಡುಗೆಮನೆ ಹೊಗೆಯಾಡುತ್ತಿದೆ. ರಾತ್ರಿ ಕಾಡಿನ ದಾರಿಯಿಂದ ಕುದುರೆಗಾಡಿಯೊಂದು ಓಡೋಡಿ ಬರುತ್ತದೆ; ಒಳಗಿನಿಂದ ಎಲಿಜಬೆತ್‌ಳ ತಂಗಿ, ವಿಕಮ್‌ನ ಹೆಂಡತಿ ಲಿಡಿಯಾ, ಗಂಡ ಸತ್ತನೆಂದು ಚೀರುತ್ತ ಇಳಿಯುತ್ತಾಳೆ. ಹುಡುಕಿ ಹೋದವರಿಗೆ ಸಿಗುವುದು ವಿಕಮ್ ಜೀವಂತ, ಮೈಯೆಲ್ಲ ರಕ್ತ, ಎದುರಿಗೆ ಕ್ಯಾಪ್ಟನ್ ಡೆನ್ನಿಯ ಹೆಣ. ತನ್ನ ಒಬ್ಬನೇ ಗೆಳೆಯನನ್ನು ತಾನೇ ಕೊಂದೆ ಎಂದು ವಿಕಮ್ ಗೋಳಾಡುತ್ತಾನೆ. ಅಲ್ಲಿಂದ ಮುಂದೆ ಎಲ್ಲರ ಚಿಂತೆಯೂ ಬದುಕಿದ್ದವರದ್ದೇ. ನೃತ್ಯಕೂಟ ರದ್ದು, ಡಾರ್ಸಿಯ ತಂಗಿ ಜಾರ್ಜಿಯಾನಾಳ ಮದುವೆ ಏನಾದೀತು, ಡಾರ್ಸಿ ವಂಶದ ಹೆಸರು ಏನಾದೀತು. ಲಿಡಿಯಾಗೆ ಗಂಡನ ಚಿಂತೆ, ಅಷ್ಟೇ ತನ್ನ ಚಿಂತೆ. ಡೆನ್ನಿ ಹೆಣವಾಗಿ ಒಂದು ಕೋಣೆ ಸೇರುತ್ತಾನೆ. ಆಮೇಲೆ ಅವನು ಬರೀ ಪ್ರಕರಣ.

ಅತ್ತೆ ನೋಡುವ ಕ್ರಮವೇ ಬೇರೆ. ಡಾರ್ಸಿಯೇ ಆ ಪ್ರಾಂತ್ಯದ ಮ್ಯಾಜಿಸ್ಟ್ರೇಟ್, ಆದರೆ ಆರೋಪಿ ಷಡ್ಡಕನಾದ್ದರಿಂದ ಪಕ್ಕದ ಜಮೀನುದಾರ ಸರ್ ಸೆಲ್ವಿನ್ ಹಾರ್ಡ್‌ಕ್ಯಾಸಲ್‌ನನ್ನು ಕರೆಸುತ್ತಾನೆ ಎಂದದ್ದಕ್ಕೆ, “ಅದು ಸರಿಯಾದ ಕ್ರಮ” ಎಂದು ತಲೆಯಾಡಿಸಿದರು. ಪೊಲೀಸರೆಲ್ಲಿ ಎಂದರು. ಲಂಡನ್ನಿಗೇ ಪೊಲೀಸ್ ಪಡೆ ಬಂದದ್ದು 1829ರಲ್ಲಿ ಎಂದೆ. ವಿಚಾರಣೆಯ ದೃಶ್ಯ ಬಂದಾಗ ರಿಮೋಟ್ ಕಿತ್ತುಕೊಂಡು ನಿಲ್ಲಿಸಿಬಿಟ್ಟರು. ಆರೋಪಿಯ ಪರ ಯಾರು ವಾದ ಮಾಡಬೇಕು? ಯಾರೂ ಇಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ಕೊಲೆ ಆರೋಪಿಯ ವಕೀಲ ಸಾಕ್ಷಿಗಳಿಗೆ ಪಾಟೀಸವಾಲು ಹಾಕಬಹುದಿತ್ತು, ಜ್ಯೂರಿಯನ್ನುದ್ದೇಶಿಸಿ ಮಾತಾಡುವಂತಿರಲಿಲ್ಲ. ಆ ಅವಕಾಶ ಸಿಕ್ಕಿದ್ದು 1836ರಲ್ಲಿ. ಆರೋಪಿಯೇ ಪ್ರಮಾಣ ಮಾಡಿ ಸಾಕ್ಷಿ ನುಡಿಯಲು 1898ರವರೆಗೆ ಕಾಯಬೇಕಾಯಿತು. ಮೇಲ್ಮನವಿ ಕೇಳುವ ಕ್ರಿಮಿನಲ್ ನ್ಯಾಯಾಲಯ ಹುಟ್ಟಿದ್ದು 1907ರ ಕಾಯ್ದೆಯಿಂದ. “ನಮ್ಮಲ್ಲಿ ಸೆಷನ್ಸ್ ಜಡ್ಜ್ ಮರಣದಂಡನೆ ಕೊಟ್ರೂ ಹೈಕೋರ್ಟು ಕನ್ಫರ್ಮ್ ಮಾಡೋವರ್ಗೂ ಅದು ಬರೀ ಕಾಗದ” ಎಂದು ಅತ್ತೆ ಗತ್ತಿನಿಂದ ಹೇಳಿದರು, ಆ ನಿಯಮ ತಾವೇ ಬರೆದಂತೆ.

ಕೊನೆಯ ಕಂತಿನ ಓಟ, ಅಂದರೆ ತಪ್ಪೊಪ್ಪಿಗೆಯ ಪತ್ರ ಹಿಡಿದು ಎಲಿಜಬೆತ್ ನೇಣುಗಂಬದತ್ತ ಧಾವಿಸುವುದು, ಮೊದಲ ಸಲ ನೋಡಿದಾಗ ನನಗೆ ತೀರಾ ಸಿನಿಮೀಯ ಅನ್ನಿಸಿತ್ತು. ಕಾದಂಬರಿಯಲ್ಲಿ ಆ ಪತ್ರ ಕೋರ್ಟಿನ ಒಳಗೇ ಬರುತ್ತದೆ, ಗಂಬದವರೆಗೆ ಹೋಗುವುದಿಲ್ಲ. ಆದರೆ ಕಾನೂನು ನೋಡಿದರೆ ಓಡಲೇಬೇಕು. 1752ರಿಂದ ಜಾರಿಯಲ್ಲಿದ್ದ ಕಾಯ್ದೆಯ ಪ್ರಕಾರ ಕೊಲೆಗಾರನಿಗೆ ಶಿಕ್ಷೆ ಹೇಳಿದ ಮೂರನೇ ದಿನವೇ ನೇಣು, ಆ ದಿನ ಭಾನುವಾರವಾದರೆ ಇನ್ನೊಂದು ದಿನ. ಹೆಣ ವೈದ್ಯರ ಕತ್ತರಿಗೆ. ಕನಿಕರವಿದ್ದ ನ್ಯಾಯಾಧೀಶರು ಕೊಲೆ ಪ್ರಕರಣಗಳನ್ನು ಶುಕ್ರವಾರಕ್ಕೆ ಇಟ್ಟುಕೊಳ್ಳುತ್ತಿದ್ದರಂತೆ, ಒಂದು ದಿನ ಹೆಚ್ಚು ಬದುಕಲಿ ಎಂದು.

ಇನ್ನು ಅತ್ತೆಯ ಪ್ರಶ್ನೆ. ಅದರಲ್ಲಿ ಭಾವುಕತೆ ಏನೂ ಇರಲಿಲ್ಲ, ಕಚೇರಿಯ ಪ್ರಶ್ನೆಯೇ ಅದು. ಆಗಿನ ಇಂಗ್ಲೆಂಡಿನಲ್ಲಿ ಸರ್ಕಾರಿ ಅಭಿಯೋಜಕರ ವ್ಯವಸ್ಥೆ ಇರಲಿಲ್ಲ. ಬಹುತೇಕ ಮೊಕದ್ದಮೆಗಳನ್ನು ನಡೆಸಬೇಕಾದವರು ನಷ್ಟವಾದವರೇ ಅಥವಾ ಅವರ ಮನೆಯವರೇ, ಖರ್ಚೂ ಅವರದೇ. ಕೊಲೆಯಾದವನು ತಾನೇ ಬರಲಾರ. ಅವನ ಕಡೆಯವರೂ ಇಲ್ಲ ಎಂದರೆ ಮ್ಯಾಜಿಸ್ಟ್ರೇಟನ ಉತ್ಸಾಹದ ಮೇಲೆ ಎಲ್ಲ ನಿಂತಿತು. ಹಾರ್ಡ್‌ಕ್ಯಾಸಲ್‌ನ ಉತ್ಸಾಹವೋ, ಡೆನ್ನಿಗಾಗಿ ಹುಟ್ಟಿದ್ದಲ್ಲ. ಪೆಂಬರ್ಲಿಯವರಿಗೂ ಅವನ ಮನೆತನಕ್ಕೂ ಹಳೆಯ ಕಹಿ ಇದೆ.

ಮರುದಿನ ಅತ್ತೆ, “ಮೊದಲ್ನೇ ಕಥೆ ಹಾಕು. ಅದರಲ್ಲಿ ಆ ಹುಡುಗ ಜೀವಂತ ಇರ್ತಾನಲ್ಲ” ಎಂದರು. ಹಾಕುವ ಮುಂಚೆ ನಾನು ಪುಸ್ತಕ ತೆಗೆದು ಡೆನ್ನಿ ಎಲ್ಲೆಲ್ಲಿ ಬರುತ್ತಾನೆಂದು ಹುಡುಕಿದೆ. ಅಷ್ಟು ಸಲ ಓದಿದ ಪುಸ್ತಕ, ಅವನನ್ನು ಹುಡುಕಿ ಓದಿದ್ದು ಮಾತ್ರ ಇದೇ ಮೊದಲು.

ಆಸ್ಟಿನ್ ಅವನಿಗೆ ಮೊದಲ ಹೆಸರೂ ಕೊಟ್ಟಿಲ್ಲ, ಬರೀ ಮಿಸ್ಟರ್ ಡೆನ್ನಿ. ವಿಕಮ್‌ನನ್ನು ಮೆರಿಟನ್ ಊರಿಗೆ ಕರೆತಂದು ಬೆನೆಟ್ ಹುಡುಗಿಯರಿಗೆ, ಅಂದರೆ ಎಲಿಜಬೆತ್ ಮತ್ತವಳ ಅಕ್ಕತಂಗಿಯರಿಗೆ, ಪರಿಚಯಿಸುವವನು ಅವನೇ. ಅವನು ಕರೆತರದಿದ್ದರೆ ಅರ್ಧ ಕಾದಂಬರಿಯೇ ಇಲ್ಲ. ನೆದರ್‌ಫೀಲ್ಡಿನ ನೃತ್ಯಕೂಟಕ್ಕೆ ವಿಕಮ್ ಬರುವುದಿಲ್ಲ. ಕೆಲಸವಿತ್ತು ಎಂದು ಹೇಳಿ ಡೆನ್ನಿ ಸುಮ್ಮನಾಗಬಹುದಿತ್ತು. ಇಲ್ಲಿರುವ ಒಬ್ಬರನ್ನು ತಪ್ಪಿಸಬೇಕೆಂಬುದು ಇರದಿದ್ದರೆ ಕೆಲಸ ಅವನನ್ನು ತಡೆಯುತ್ತಿರಲಿಲ್ಲ ಎಂದು ಎಲಿಜಬೆತ್‌ಗೆ ಹೇಳಿಬಿಡುತ್ತಾನೆ. ಲಿಡಿಯಾ ಓಡಿಹೋದಾಗ ಮದುವೆಗೆಂದೇ ಹೋಗಿದ್ದಾರೆಂದು ಎಲ್ಲರೂ ನಂಬಿದ್ದರು. ವಿಕಮ್‌ಗೆ ಅವಳನ್ನು ಮದುವೆಯಾಗುವ ಉದ್ದೇಶವೇ ಇದ್ದಂತಿಲ್ಲ ಎಂಬರ್ಥದ ಮಾತು ಬಿದ್ದದ್ದು ಯಾರ ಬಾಯಿಂದ? ಡೆನ್ನಿಯ ಬಾಯಿಂದಲೇ. ಆ ಮಾತು ಕೇಳಿಯೇ ಅವರ ಕರ್ನಲ್ ಗಾಬರಿಬಿದ್ದು ಹುಡುಕಲು ಹೊರಡುವುದು. ಅಂದರೆ ಗೆಳೆಯನ ಜೊತೆ ತಿರುಗುತ್ತಲೇ, ಹೊತ್ತು ಬಂದಾಗ ಇರುವುದನ್ನು ಇದ್ದಂತೆ ಆಡಿಬಿಡುವ ಆಸಾಮಿ.

ಜೇಮ್ಸ್ ಇದನ್ನು ಗಮನಿಸಿದ್ದರು ಅಂತಲೇ ನನಗನ್ನಿಸುತ್ತದೆ. ಅವರ ಡೆನ್ನಿಯೂ ಕಾಡಿನ ನಡುವೆ ಗಾಡಿ ನಿಲ್ಲಿಸಿ, ನಿನ್ನ ಈ ವ್ಯವಹಾರದಲ್ಲಿ ನನಗೆ ಪಾಲು ಬೇಡ ಎಂದು ವಿಕಮ್ ಮೇಲೆ ಕೂಗಾಡಿ ಇಳಿದುಹೋಗುತ್ತಾನೆ. ಪೆಂಬರ್ಲಿಯ ಹಳೆಯ ಗಾಡಿಯಾಳು ಬಿಡ್‌ವೆಲ್‌ನ ಮಗಳು ಲೂಯಿಸಾ ವಿಕಮ್‌ನಿಂದ ಮಗು ಹೆತ್ತಿದ್ದಾಳೆ, ವಿಷಯ ಅದು. ಕಥೆಯಲ್ಲಿ ಆ ರಾತ್ರಿ ಸರಿಯಾಗಿ ನಡೆದುಕೊಂಡವನು ಅವನೊಬ್ಬ. ಸತ್ತವನೂ ಅವನೇ.

ಇದನ್ನು ಹೇಳಿದಾಗ ಅತ್ತೆ ತಮ್ಮ ಕೋರ್ಟಿನ ಒಂದು ಕೇಸು ತೆಗೆದರು. ಲಾಡ್ಜೊಂದರ ರೂಮ್ ಬಾಯ್ ಕೊಲೆ. ಬೇರೆ ರಾಜ್ಯದಿಂದ ಬಂದ ಹುಡುಗ, ಎಲ್ಲರೂ ಕರೆಯುತ್ತಿದ್ದ ಹೆಸರೊಂದೇ ಕಡತದಲ್ಲಿ. ತಂದೆಯ ಹೆಸರಿನ ಜಾಗದಲ್ಲಿ ‘ಗೊತ್ತಿಲ್ಲ’. ಆರೋಪಿಯ ಮನೆಯವರು ಪ್ರತಿ ವಾಯಿದೆಗೂ ಟಿಫಿನ್ ಡಬ್ಬಿ ಕಟ್ಟಿಕೊಂಡು ಬರುತ್ತಿದ್ದರಂತೆ, ಕಾರಿಡಾರಿನಲ್ಲಿ ಕೂತು ಅತ್ತೆಗೂ ಚಿತ್ರಾನ್ನ ಕೊಡಲು ಬಂದಿದ್ದರಂತೆ. “ತಗೊಂಡ್ರಾ?” ಎಂದೆ. “ಹುಚ್ಚಾ ನಿಂಗೆ?” ಎಂದರು. ಆ ಕೇಸಿನಲ್ಲಿ ಶಿಕ್ಷೆಯೇ ಆಯಿತು, ಸರ್ಕಾರಿ ವಕೀಲರು ಚೆನ್ನಾಗಿಯೇ ನಡೆಸಿದ್ದರು. ಆದರೂ ತೀರ್ಪು ಓದುವಾಗ ಆರೋಪಿಯ ತಾಯಿ ಗೋಳೋ ಎಂದು ಅತ್ತರಂತೆ, ಇಡೀ ಹಾಲು ಅವರನ್ನೇ ನೋಡಿತಂತೆ. “ಅಳೋರು ಇರೋ ಕಡೆಗೇ ಜನ ವಾಲ್ತಾರೆ ಕಣೆ. ಅವತ್ತು ನಂಗೂ ಆ ಯಮ್ಮನ್ನ ನೋಡಿ ಹೊಟ್ಟೆ ಉರೀತು. ಸತ್ತ ಹುಡುಗನ ಮುಖ ನಾನು ಫೋಟೊದಲ್ಲಿ ಬಿಟ್ರೆ ನೋಡೇ ಇರ್ಲಿಲ್ವಲ್ಲ.”

ಆಸ್ಟಿನ್‌ಗೆ ಕೋರ್ಟು-ಜೈಲು ಗೊತ್ತಿರಲಿಲ್ಲ ಎಂದೇನಲ್ಲ. ಅವರ ಸೋದರಮಾವನ ಹೆಂಡತಿ, ಅಂದರೆ ಆಸ್ಟಿನ್‌ಗೂ ಅತ್ತೆಯೇ, 1799ರಲ್ಲಿ ಬಾತ್ ಪಟ್ಟಣದ ಅಂಗಡಿಯೊಂದರಿಂದ ಇಪ್ಪತ್ತು ಷಿಲಿಂಗಿನ ಲೇಸು ಕದ್ದರೆಂಬ ಆರೋಪದ ಮೇಲೆ ಬಂಧನಕ್ಕೊಳಗಾದರು. ವಿಚಾರಣೆಗೆ ಕಾಯುತ್ತ ತಿಂಗಳುಗಟ್ಟಲೆ ಇಲ್ಚೆಸ್ಟರ್ ಜೈಲರನ ಮನೆಯಲ್ಲಿದ್ದರು. ಕಾನೂನಿನಲ್ಲಿ ಅದಕ್ಕೆ ನೇಣೂ ಇತ್ತು, ಗಡೀಪಾರೂ ಇತ್ತು. 1800ರ ಮಾರ್ಚಿನಲ್ಲಿ ಟಾಂಟನ್‌ನ ಜ್ಯೂರಿ ನಿರ್ದೋಷಿ ಎಂದಿತು. ಅವರ ಜೊತೆಗಿರಲು ಮಗಳನ್ನು ಕಳಿಸುತ್ತೇನೆಂದು ಆಸ್ಟಿನ್‌ರ ತಾಯಿ ಹೇಳಿದ್ದರಂತೆ. ಆ ಅತ್ತೆ ಬೇಡವೆಂದರು. ಇಷ್ಟು ಹತ್ತಿರದಿಂದ ಕಂಡ ಆಸ್ಟಿನ್ ತಮ್ಮ ಕಾದಂಬರಿಗಳಲ್ಲಿ ಒಂದು ವಿಚಾರಣೆಯನ್ನೂ ಬರೆಯಲಿಲ್ಲ. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಕೊನೆಯಲ್ಲಂತೂ, ಅಪರಾಧ ಮತ್ತು ದುಃಖದ ಬಗ್ಗೆ ಬೇರೆ ಲೇಖನಿಗಳು ಬರೆದುಕೊಳ್ಳಲಿ ಎಂದುಬಿಟ್ಟರು. ಜೇಮ್ಸ್ ತಮ್ಮ ಪುಸ್ತಕದ ಮೊದಲಿಗೇ ಈ ಮಾತು ನೆನೆದು ಆಸ್ಟಿನ್‌ರ ಕ್ಷಮೆ ಕೇಳುತ್ತಾರೆ. ಬ್ರಿಟನ್ನಿನ ಗೃಹ ಇಲಾಖೆಯಲ್ಲಿ ಅಪರಾಧ ನೀತಿಯ ವಿಭಾಗದಲ್ಲಿ ದುಡಿದ ಹೆಂಗಸು. ಬೇರೆ ಲೇಖನಿ ಎಂದರೆ ಇಂಥದ್ದೇ.

ಆದರೂ ನನಗೆ ಜೇಮ್ಸ್ ಮೇಲೆ ಒಂದು ತಕರಾರಿದೆ. ಕೊಂದವನು ಬಿಡ್‌ವೆಲ್‌ನ ಮಗ ವಿಲ್. ಮೊದಲೇ ಕಾಯಿಲೆಯಿಂದ ಸಾಯುತ್ತಿರುವವನು, ತಂಗಿಯನ್ನು ಕೆಡಿಸಿದ ವಿಕಮ್ ಇವನೇ ಎಂದುಕೊಂಡು ಡೆನ್ನಿಯ ಮೇಲೆ ಬಿದ್ದವನು. ತಪ್ಪೊಪ್ಪಿಕೊಂಡು ಅವನೂ ಸಾಯುತ್ತಾನೆ. “ಕೇಸು ಅಬೇಟ್” ಎಂದರು ಅತ್ತೆ, ಅಂದರೆ ಆರೋಪಿಯ ಸಾವಿನೊಂದಿಗೆ ಕೇಸೂ ಮುಗಿಯಿತು. ಎಷ್ಟು ಅನುಕೂಲ ನೋಡಿ: ದೊಡ್ಡಮನೆಯವರು ಯಾರನ್ನೂ ನೇಣಿಗೆ ಕೊಡಬೇಕಿಲ್ಲ, ಆಳಿನ ಮಗ ತಾನಾಗಿಯೇ ಲೆಕ್ಕ ಚುಕ್ತಾ ಮಾಡಿ ಹೊರಟ. ಇಷ್ಟಕ್ಕೆಲ್ಲ ಕಾರಣನಾದ ವಿಕಮ್‌ಗೆ ಅಮೆರಿಕದ ದಾರಿ.

ಗೆಳತಿಗೆ ಇದನ್ನು ಹೇಳಿದರೆ, “ಅದೊಂದು ಚಿಕ್ಕ ಪಾತ್ರ, ಯಾಕಿಷ್ಟು ತಲೆ ಕೆಡಿಸ್ಕೋತೀಯ” ಎಂದಳು. ನಾನು ಲೆಕ್ಕ ಹಾಕಿ ತೋರಿಸಿದೆ. ಚರ್ಚಿನ ಹುದ್ದೆಯ ಬದಲಿಗೆಂದು ವಿಕಮ್‌ಗೆ ಡಾರ್ಸಿ ಕೊಟ್ಟದ್ದು ಮೂರು ಸಾವಿರ ಪೌಂಡ್. ಲಿಡಿಯಾಳನ್ನು ಮದುವೆಯಾಗಲೆಂದು ತೀರಿಸಿದ ಸಾಲ ಸಾವಿರಕ್ಕೂ ಮಿಕ್ಕಿ, ಲಿಡಿಯಾಳ ಹೆಸರಿಗೆ ಇನ್ನೊಂದು ಸಾವಿರ, ಮೇಲೆ ಸೈನ್ಯದ ಹುದ್ದೆ ಕೊಂಡದ್ದು ಬೇರೆ. ಇಷ್ಟೂ ಆಸ್ಟಿನ್ ಪುಸ್ತಕದಲ್ಲೇ ಇದೆ. ಡೆನ್ನಿಯ ಹೆಸರಿನಲ್ಲಿ ಯಾರಾದರೂ ಒಂದು ಪೌಂಡ್ ಬಿಚ್ಚಿದ್ದನ್ನು ಆ ಮೂರು ಕಂತಿನಲ್ಲಿ ನೀನು ಕಂಡೆಯಾ ಎಂದೆ. ಅವಳು ಮಾತು ಬದಲಿಸಿ, ಚಾಟ್ಸ್‌ವರ್ತ್ ನೋಡಲು ಟಿಕೆಟ್ ಎಷ್ಟಿರಬಹುದು ಎಂದು ಕೇಳಿದಳು.