ಅರಮನೆಯ ಜಗಲಿಯವರೆಗೆ: ಸಕಲೇಶಪುರದಿಂದ ಮೈಸೂರಿಗೆ ಒಂದು ದಿನ

ಸಕಲೇಶಪುರದಿಂದ ಸ್ವಲ್ಪ ಒಳಗೆ, ಕಾಫಿ ತೋಟದ ನಡುವೆ ನಮ್ಮದೊಂದು ಹಳೆಯ ತೊಟ್ಟಿಮನೆ. ಆರು ವರ್ಷಗಳಿಂದ ಮುಂಭಾಗದ ಎರಡು ಕೋಣೆಗಳನ್ನು ಹೋಂಸ್ಟೇಗೆ ಬಿಟ್ಟುಕೊಟ್ಟಿದ್ದೇವೆ. ಹಿಂಭಾಗದಲ್ಲಿ ನಾವೇ ಇದ್ದೇವೆ. ಬರುವವರಲ್ಲಿ ಬಹುಪಾಲು ಮಂದಿ ಒಳ್ಳೆಯವರು. ಆದರೆ ಒಂದು ಬೆಳಿಗ್ಗೆ ಅತ್ತೆ ಪೂಜೆಗೆ ಕುಳಿತಿದ್ದಾಗ ಒಬ್ಬರು ಚಪ್ಪಲಿ ಹಾಕಿಕೊಂಡೇ ದೇವರ ಕೋಣೆಯ ಹೊಸ್ತಿಲ ಮೇಲೆ ನಿಂತು ಮೊಬೈಲ್ ಎತ್ತಿದರು. ಅತ್ತೆ ಏನೂ ಅನ್ನಲಿಲ್ಲ. ಮಧ್ಯಾಹ್ನದವರೆಗೆ ಯಾರೊಂದಿಗೂ ಮಾತೇ ಆಡಲಿಲ್ಲ.

ಆ ಬೆಳಗಿನ ನೆನಪು ಮಾಸದೆಯೇ ಕಳೆದ ಚಳಿಗಾಲದಲ್ಲಿ ಅತ್ತೆಯನ್ನೂ ಒಂಬತ್ತು ವರ್ಷದ ಮಗಳನ್ನೂ ಕರೆದುಕೊಂಡು ಮೈಸೂರಿಗೆ ಹೋಗಿದ್ದೆ. ಅರಮನೆ ನನಗೆ ಹೊಸದಲ್ಲ. ಶಾಲೆಯಲ್ಲಿದ್ದಾಗಿನಿಂದ ಇದು ನಾಲ್ಕನೆಯ ಸಲ. ಆದರೆ ಅದನ್ನು ಜನ ಈಗಲೂ ಬದುಕುತ್ತಿರುವ ಮನೆಯೆಂದು ನೋಡಿದ್ದು ಇದೇ ಮೊದಲು. ನಮ್ಮ ಕಡೆಯಿಂದ ಹೋಗುವವರಿಗೆ ಉಪಯೋಗವಾಗಲಿ ಎಂದು ಕಂಡದ್ದನ್ನೆಲ್ಲ ಬರೆಯುತ್ತಿದ್ದೇನೆ.

ಮೊದಲು ದಿನದ ಆಯ್ಕೆ. ಇದರಲ್ಲಿ ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ಕೆಲವು ವರ್ಷಗಳ ಹಿಂದೆ ಸಂಬಂಧಿಕರೆಲ್ಲ ಸೇರಿ ವ್ಯಾನ್ ಮಾಡಿಕೊಂಡು ಆಯುಧಪೂಜೆಯ ದಿನ ಹೋಗಿದ್ದೆವು. ವ್ಯಾನ್ ಗೊತ್ತುಮಾಡಿಕೊಟ್ಟವರು ‘ದಸರಾದಲ್ಲಿ ಅರಮನೆ ಇಡೀ ದಿನ ತೆರೆದಿರುತ್ತದೆ’ ಎಂದಿದ್ದರು. ಹೋಗಿ ನೋಡಿದರೆ ಸಾರ್ವಜನಿಕರಿಗೆ ಒಳಗೆ ಪ್ರವೇಶವಿರಲಿಲ್ಲ. ಹನ್ನೊಂದು ಜನ ಬಿಸಿಲಿನಲ್ಲಿ ಕೋಟೆಗೋಡೆ ನೋಡಿಕೊಂಡು ನಿಂತೆವು. ಆಗ ಸಿಟ್ಟು ಬಂದಿತ್ತು. ಕಾರಣ ಅರ್ಥವಾದದ್ದು ಆಮೇಲೆ. ಆಯುಧಪೂಜೆ ಅವರ ಮನೆಯ ಹಬ್ಬ. ನವರಾತ್ರಿಯ ಮೊದಲ ದಿನ ರಾಜವಂಶಸ್ಥರಾದ ಯದುವೀರ್ ಕೃಷ್ಣದತ್ತ ಚಾಮರಾಜ ಒಡೆಯರ್ ಕಂಕಣ ಕಟ್ಟಿಕೊಂಡು ಸಿಂಹಾಸನವೇರಿ ಖಾಸಗಿ ದರ್ಬಾರ್ ನಡೆಸುತ್ತಾರೆ. ಬಿಡಿಬಿಡಿಯಾಗಿ ಭದ್ರತೆಯಲ್ಲಿರುವ ಸಿಂಹಾಸನವನ್ನು ಅದಕ್ಕಾಗಿಯೇ ಜೋಡಿಸಲಾಗುತ್ತದೆ. ಸರಸ್ವತಿ ಪೂಜೆ, ಆಯುಧಪೂಜೆ, ವಿಜಯದಶಮಿ ಎಲ್ಲವೂ ಒಳಗಿನ ತೊಟ್ಟಿಗಳಲ್ಲಿ, ಮಂಟಪದಲ್ಲಿ ಮನೆಯವರ ಕೈಯಿಂದಲೇ ಆಗಬೇಕು. ನಮ್ಮ ಮನೆಯಲ್ಲಿ ಹಬ್ಬವಿದ್ದಾಗ ನಾವೂ ಕೋಣೆ ಬಾಡಿಗೆಗೆ ಕೊಡುವುದಿಲ್ಲವಲ್ಲ.

ಹಾಗಾಗಿ ದಸರಾದಲ್ಲೇ ಹೋಗಬೇಕೆನ್ನುವವರು ಆ ವರ್ಷ ಯಾವ ದಿನ, ಯಾವ ಹೊತ್ತಿನಲ್ಲಿ ಪ್ರವೇಶವಿಲ್ಲ ಎಂಬ ಪ್ರಕಟಣೆ ಪತ್ರಿಕೆಗಳಲ್ಲಿ ಬಂದ ಮೇಲೆಯೇ ದಿನ ಗೊತ್ತುಮಾಡಿ. ಹಾಸನದವರು ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆರೆಯುತ್ತದೆ. ಬಲಿಪಾಡ್ಯಮಿ ಕಳೆದು ಮತ್ತೆ ಮುಚ್ಚುವವರೆಗೆ ಹಾಸನದ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವಿಜಯದಶಮಿಗೂ ಆ ಗುರುವಾರಕ್ಕೂ ನಡುವೆ ಸಿಗುವ ದಿನಗಳಲ್ಲಿ ಪ್ರಯಾಣ ಸಲೀಸು. ದಸರಾ ರಜೆಯ ಮಕ್ಕಳ ಗುಂಪು ಇದ್ದರೂ ಅದು ಸಹಿಸಬಹುದಾದ ಗುಂಪು. ಇಷ್ಟೆಲ್ಲ ತಲೆಬಿಸಿ ಬೇಡವೆಂದರೆ ಡಿಸೆಂಬರ್ ಕೊನೆಯ ವಾರವನ್ನು ಬಿಟ್ಟು ಚಳಿಗಾಲದ ಯಾವುದಾದರೂ ಭಾನುವಾರ ಹೋಗಿ. ಭಾನುವಾರ ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಹಾಸನದಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ರೈಲೂ ಇದೆ, ಬಸ್ಸೂ ಇದೆ. ನಾವು ಬೆಳಗಿನ ಜಾವ ಸಕಲೇಶಪುರ ಬಿಟ್ಟು ಹಾಸನದಲ್ಲಿ ಬಸ್ ಬದಲಿಸಿದೆವು. ಅಲ್ಲಿಂದ ಮೂರು ಗಂಟೆಯ ದಾರಿ. ಹಿರಿಯರಿದ್ದರೆ ರೈಲೇ ಮೇಲು. ಕಾಲು ಚಾಚಬಹುದು, ಶೌಚಾಲಯದ ಚಿಂತೆಯಿಲ್ಲ. ಮೈಸೂರಿನಲ್ಲಿ ಗ್ರಾಮಾಂತರ ಬಸ್ ನಿಲ್ದಾಣದಿಂದ ಅರಮನೆ ನಡೆದುಹೋಗುವಷ್ಟೇ ದೂರ. ಆಟೊದವರು ಇಡೀ ಊರು ತೋರಿಸುತ್ತೇವೆಂದು ಕರೆಯುತ್ತಾರೆ. ಒಂದೇ ದಿನ ಇರುವವರು ಒಪ್ಪಿಕೊಳ್ಳಬೇಡಿ, ಅರಮನೆಗೇ ಅರ್ಧ ದಿನ ಬೇಕು.

ಪ್ರವಾಸಿಗರು ಒಳಗೆ ಹೋಗುವುದು ದಕ್ಷಿಣದ ವರಾಹ ದ್ವಾರದಿಂದ. ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ, ಸಂಜೆ ಐದೂವರೆಯವರೆಗೆ ಪ್ರವೇಶ. ಹತ್ತಕ್ಕೆ ಹದಿನೈದು ನಿಮಿಷ ಮೊದಲೇ ಸಾಲಿನಲ್ಲಿರಿ, ಶಾಲಾ ಬಸ್ಸುಗಳು ಬರುವ ಮುನ್ನ ಒಂದು ಗಂಟೆ ನೆಮ್ಮದಿಯಾಗಿ ಸಿಗುತ್ತದೆ. ಚಪ್ಪಲಿ ಹೊರಗೇ ಬಿಡಬೇಕು. ನನ್ನ ಮಗಳು ‘ಇದು ದೇವಸ್ಥಾನವಲ್ಲವಲ್ಲ, ಯಾಕೆ ಬಿಡಬೇಕು?’ ಎಂದು ಕೇಳಿದಳು. ಅತ್ತೆ, ‘ಮನೆ ಅಲ್ಲವಾ ಮಗಳೇ, ನಮ್ಮ ಜಗಲಿಗೂ ಚಪ್ಪಲಿ ಬಿಟ್ಟೇ ಹತ್ತುತ್ತೀಯಲ್ಲ’ ಎಂದರು. ಬಿಸಿಲು ಏರಿದ ಮೇಲೆ ಹೊರಗಿನ ಕಲ್ಲುಹಾಸು ಸುಡುತ್ತದೆ. ಕೈಚೀಲದಲ್ಲಿ ಒಂದು ಜೊತೆ ಕಾಲುಚೀಲ ಇರಲಿ. ಗೈಡ್ ಬೇಕಿದ್ದರೆ ಗುರುತಿನ ಚೀಟಿ ಇರುವವರನ್ನೇ ನೋಡಿ, ದರವನ್ನೂ ಭಾಷೆಯನ್ನೂ ಮೊದಲೇ ಮಾತಾಡಿಕೊಳ್ಳಿ.

ಒಳಗೆ ಕಾಲಿಟ್ಟೊಡನೆ ಗೊಂಬೆ ತೊಟ್ಟಿ. ಇಲ್ಲಿಂದಲೇ ನನಗೆ ಅರಮನೆಯ ನಕ್ಷೆ ಅರ್ಥವಾಗುತ್ತಾ ಹೋಯಿತು. ದಸರಾ ವರದಿಗಳಲ್ಲಿ ಕನ್ನಡಿ ತೊಟ್ಟಿ, ಚಾಮುಂಡಿ ತೊಟ್ಟಿ, ಸವಾರಿ ತೊಟ್ಟಿ ಎಂದೆಲ್ಲ ಓದುತ್ತೇವೆ. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ತೊಟ್ಟಿ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ: ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಕಂಬಸಾಲು, ಅದರ ಹಿಂದೆ ಕೋಣೆಗಳು. ಹೊರಗಿನ ಗುಮ್ಮಟಗಳನ್ನು ನೋಡಿದರೆ ಯಾವುದೋ ದೂರ ದೇಶದ ಕಟ್ಟಡ ಅನ್ನಿಸಬಹುದು. ಒಳಗೆ ಮಾತ್ರ ಅದು ನಮ್ಮ ತೊಟ್ಟಿಮನೆಯ ದೊಡ್ಡಣ್ಣ. ಹಾಗೆ ನೋಡಿಕೊಂಡು ಹೋದರೆ ಎಲ್ಲಿ ಜಗಲಿ ಮುಗಿಯಿತು, ಎಲ್ಲಿ ಪಡಸಾಲೆ ಶುರುವಾಯಿತು, ಯಾವ ಬಾಗಿಲಿನ ಆಚೆ ನಡುಮನೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಕಲ್ಯಾಣ ಮಂಟಪದಲ್ಲಿ ಆತುರಪಡಬೇಡಿ. ಎಂಟು ಮೂಲೆಯ ಮಂಟಪ, ಗ್ಲಾಸ್ಗೋದಲ್ಲಿ ಎರಕ ಹೊಯ್ದು ತಂದ ಕಬ್ಬಿಣದ ಕಂಬಗಳು, ನೆತ್ತಿಯ ಮೇಲೆ ಬಣ್ಣದ ಗಾಜಿನಲ್ಲಿ ನವಿಲುಗಳು. ಹನ್ನೊಂದರ ಸುಮಾರಿಗೆ ಬಿಸಿಲು ಗಾಜನ್ನು ದಾಟಿ ಬರುತ್ತಿತ್ತು. ಅತ್ತೆಯ ಬಿಳಿ ಸೀರೆಯ ಸೆರಗಿನ ಮೇಲೆ ಒಂದು ಹಸಿರು ಚುಕ್ಕೆ, ಒಂದು ನೀಲಿ ಚುಕ್ಕೆ ಬಿದ್ದವು. ಮಗಳು ಅದನ್ನು ಹಿಡಿಯಲು ಕೈ ಚಾಚಿದಾಗ ಚುಕ್ಕೆಗಳು ಅವಳ ಬೆರಳಿನ ಮೇಲೆ ಹತ್ತಿ ಕುಳಿತವು. ಅತ್ತೆ ಅಲುಗಾಡದೆ ನಿಂತರು. ಹಿಂದಿನ ಗುಂಪು ದಾಟಿಹೋಗುವವರೆಗೆ ನಾವು ಅಲ್ಲೇ ಇದ್ದೆವು. ಮಂಟಪದ ಸುತ್ತಲಿನ ಗೋಡೆಯ ಮೇಲೆ ದಸರಾ ಮೆರವಣಿಗೆಯ 26 ವರ್ಣಚಿತ್ರಗಳಿವೆ. ನಿಜವಾದ ಮೆರವಣಿಗೆಗಳ ಛಾಯಾಚಿತ್ರಗಳನ್ನು ನೋಡಿ ಬರೆಸಿದವು. ಕುದುರೆ ಸವಾರರ, ವಾದ್ಯದವರ, ಬೀದಿಯಂಚಿನಲ್ಲಿ ನಿಂತವರ ಮುಖಗಳು ಒಂದರಂತೆ ಒಂದಿಲ್ಲ. ಬಹಳ ಜನ ಅವುಗಳ ಮುಂದೆ ನಡೆದುಕೊಂಡೇ ಹೋಗುತ್ತಾರೆ. ನನಗೆ ಇಡೀ ಅರಮನೆಯಲ್ಲಿ ಹೆಚ್ಚು ಹಿಡಿಸಿದ್ದು ಆ ಮುಖಗಳೇ.

ಈ ಮನೆಯ ಹುಟ್ಟಿಗೂ ಒಂದು ಮದುವೆಯೇ ನೆಪ. ಹಿಂದಿನ ಮರದ ಅರಮನೆ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಹೊತ್ತಿನಲ್ಲಿ, 1897ರಲ್ಲಿ, ಬೆಂಕಿಗೆ ಆಹುತಿಯಾಯಿತು. ಆಗ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಇನ್ನೂ ಬಾಲಕ. ರಾಜ್ಯಭಾರ ತಾಯಿ ವಾಣಿವಿಲಾಸ ಸನ್ನಿಧಾನದ ಹೆಗಲ ಮೇಲಿತ್ತು. ಮನೆ ಸುಟ್ಟ ವರ್ಷವೇ ಅವರು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ಕೈಯಲ್ಲಿ ಹೊಸ ಅರಮನೆ ಶುರುಮಾಡಿಸಿದರು. ಈ ಸಲ ಕಲ್ಲು, ಇಟ್ಟಿಗೆ, ಕಬ್ಬಿಣ. 1912ರಲ್ಲಿ ಮುಗಿಯುವಾಗ ಖರ್ಚು 41 ಲಕ್ಷ ರೂಪಾಯಿ ದಾಟಿತ್ತು. ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ, ಮನೆಯನ್ನೂ ಕಳೆದುಕೊಂಡು, ಮಗ ದೊಡ್ಡವನಾಗುವಷ್ಟರಲ್ಲಿ ಮತ್ತೆ ಮನೆ ಎಬ್ಬಿಸಹೊರಟದ್ದು. ಗೈಡುಗಳು ಅಂಬಾರಿಯ ಚಿನ್ನದ ತೂಕ ಹೇಳುವಷ್ಟು ಉತ್ಸಾಹದಿಂದ ಇದನ್ನು ಹೇಳುವುದಿಲ್ಲ, ಹೇಳಬೇಕು.

ಮೇಲಿನ ದರ್ಬಾರ್ ಹಾಲಿಗೆ ಮೆಟ್ಟಿಲುಗಳಿವೆ. ಮಂಡಿನೋವಿನವರು ಕೆಳಗಿನ ಭಾಗ ಮುಗಿಸಿ ಸ್ವಲ್ಪ ಕುಳಿತು ಹತ್ತಲಿ. ಹಾಲಿನ ಎದುರು ವಿಶಾಲ ಅಂಗಳ ಕಾಣುತ್ತದೆ, ಗಾಳಿ ಚೆನ್ನಾಗಿ ಬೀಸುತ್ತದೆ. ಅಂಬಾವಿಲಾಸ ಎಂಬ ಸಭಾಂಗಣದಲ್ಲಿ ದಂತದ ಕುಸುರಿ ಕೂರಿಸಿದ ಬೀಟೆಮರದ ಬಾಗಿಲುಗಳನ್ನು ನೋಡಿ, ಮುಟ್ಟಬೇಡಿ. ಸಾವಿರ ಬೆರಳು ತಾಗಿದರೆ ಮರದ ಮೆರುಗು ಏನಾಗುತ್ತದೆಂದು ನಮ್ಮ ಮನೆಯ ಕಂಬ ನೋಡಿ ಬಲ್ಲೆ.

ಈಗ ಮುಚ್ಚಿದ ಬಾಗಿಲಿನ ಮಾತು. ಅರಮನೆಯ ಆಡಳಿತವನ್ನು ಸರ್ಕಾರದ ಅರಮನೆ ಮಂಡಳಿ ನೋಡಿಕೊಳ್ಳುತ್ತದೆ. ಹಿಂಭಾಗದಲ್ಲಿ ರಾಜಮನೆತನದವರು ವಾಸವಾಗಿದ್ದಾರೆ. ಅರಮನೆ ಯಾರದೆಂಬ ವ್ಯಾಜ್ಯ 1998ರ ಸ್ವಾಧೀನ ಕಾಯ್ದೆಯಿಂದೀಚೆಗೆ ನ್ಯಾಯಾಲಯದ ಮೆಟ್ಟಿಲು ಹತ್ತಿದೆ, ಅದು ಅಲ್ಲಿಯೇ ತೀರ್ಮಾನವಾಗಲಿ. ಪ್ರವಾಸಿಗರಾದ ನಮಗೆ ಬೇಕಾದದ್ದು ಇಷ್ಟು: ಒಂದು ಹಂತದಲ್ಲಿ ಸಾಲು ತಿರುಗುತ್ತದೆ, ಅದರಾಚೆ ಹಾದಿಯಿಲ್ಲ. ನಾವಿದ್ದಾಗ ಮೂವರು ತರುಣರು ಅಡ್ಡಗಟ್ಟಿದ ಕಡೆ ಬಗ್ಗಿ, ಮೊಬೈಲನ್ನು ಕೈಯುದ್ದ ಚಾಚಿ ಒಳಗಿನ ಚಿತ್ರ ತೆಗೆಯಲು ನೋಡುತ್ತಿದ್ದರು. ಕಾವಲಿಗಿದ್ದವರು ಗದರಲಿಲ್ಲ. ‘ಅಲ್ಲಿ ಮನೆಯವರಿದ್ದಾರಪ್ಪ’ ಎಂದರು, ಅಷ್ಟೇ. ಹುಡುಗರು ಕೈ ಹಿಂದಕ್ಕೆ ತೆಗೆದುಕೊಂಡರು. ಅತ್ತೆ ತಿರುಗಿ ನನ್ನ ಮುಖ ನೋಡಿದರು. ಇಬ್ಬರಿಗೂ ಆ ಬೆಳಿಗ್ಗೆ ನೆನಪಾಗಿತ್ತು.

‘ದುಡ್ಡು ಕೊಟ್ಟ ಮೇಲೆ ಪೂರ್ತಿ ತೋರಿಸಬೇಡವೇ?’ ಎಂದು ಗೊಣಗುವವರನ್ನು ಅಲ್ಲಿ ಕೇಳಿದ್ದೇನೆ. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ 775 ಕೋಣೆಗಳಿವೆ, ಬೇಸಿಗೆಯಲ್ಲಿ ಜನರಿಗೆ ತೋರಿಸುವುದು 19 ದರ್ಬಾರಿ ಕೋಣೆಗಳನ್ನು. ಆ ಬಾಗಿಲು ತೆರೆದದ್ದೂ ಒಂದು ಬೆಂಕಿಯಿಂದಲೇ: 1992ರಲ್ಲಿ ವಿಂಡ್ಸರ್ ಕೋಟೆ ಸುಟ್ಟಾಗ ದುರಸ್ತಿಗೆ ಹಣ ಹೊಂದಿಸಲು 1993ರಿಂದ ಟಿಕೆಟ್ ಇಟ್ಟರು. ಜೈಪುರದ ಸಿಟಿ ಪ್ಯಾಲೇಸಿನಲ್ಲಿ ಚಂದ್ರಮಹಲ್ ಇಂದಿಗೂ ರಾಜಮನೆತನದ ವಾಸದ ಮನೆ, ಜನ ಅಂಗಳಗಳನ್ನೂ ವಸ್ತುಸಂಗ್ರಹಾಲಯವನ್ನೂ ನೋಡುತ್ತಾರೆ. ಎಲ್ಲ ಕಡೆಯೂ ಒಂದು ಗೆರೆ ಇದೆ. ಮೈಸೂರಿನಲ್ಲಿ ಆ ಗೆರೆಯ ಈಚೆಗೆ ಕೊಟ್ಟಿರುವುದು ಕಡಿಮೆಯೇನಲ್ಲ. ಮನೆಯವರು ತಮ್ಮ ಹಬ್ಬ ಮಾಡುವ ಮಂಟಪದಲ್ಲೇ ನಾವು ನಿಂತು ಬರುತ್ತೇವೆ. ಹಿಂಭಾಗದಲ್ಲಿ ಜನ ವಾಸವಿಲ್ಲದಿದ್ದರೆ ಆ ಪೂಜೆಗಳಿಲ್ಲ, ಸಿಂಹಾಸನ ಜೋಡಿಸುವವರಿಲ್ಲ, ಉಳಿಯುವುದು ಗಾಜಿನ ಪೆಟ್ಟಿಗೆ ಮಾತ್ರ. ಅಲ್ಲಿನ ಮುಚ್ಚಿದ ಬಾಗಿಲಿನ ಬಗ್ಗೆ ನನಗೆ ಗೌರವವಿದೆ.

ಮನೆತನದವರು ಬಳಸಿದ ವಸ್ತುಗಳನ್ನು ನೋಡುವ ಆಸೆಯಿದ್ದವರಿಗೆ ಆವರಣದಲ್ಲೇ ವಾಸದ ಭಾಗದ ಖಾಸಗಿ ವಸ್ತುಸಂಗ್ರಹಾಲಯವಿದೆ. ಅದರ ಟಿಕೆಟ್ ಬೇರೆ. ಮುಖ್ಯ ಟಿಕೆಟ್ಟಿನಲ್ಲೇ ಸೇರಿದೆಯೆಂದು ತಿಳಿದು ಬಾಗಿಲಲ್ಲಿ ವಾದಕ್ಕೆ ನಿಲ್ಲಬೇಡಿ. ಶ್ವೇತವರಾಹಸ್ವಾಮಿ, ತ್ರಿನಯನೇಶ್ವರ ದೇವಾಲಯಗಳು ಆವರಣದಲ್ಲೇ ಇವೆ. ಮಧ್ಯಾಹ್ನ ಬಾಗಿಲು ಹಾಕುವ ಮೊದಲು ದರ್ಶನ ಮುಗಿಸಿಕೊಳ್ಳಿ.

ಊಟದ ನಂತರ ಅತ್ತೆಯನ್ನು ದೇವರಾಜ ಮಾರುಕಟ್ಟೆಗೆ ಕರೆದುಕೊಂಡು ಹೋದೆ. ಅವರು ಮಲ್ಲಿಗೆ ಕೊಂಡರು, ನಂಜನಗೂಡು ರಸಬಾಳೆಯನ್ನು ಮೂಸಿ ನೋಡಿ ಕೊಂಡರು. ಪೇಟೆಯಿಂದ ಅರಮನೆಗೆ ವಾಪಸಾಗಲು ಹತ್ತು ನಿಮಿಷ ಸಾಕು.

ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಸಂಜೆ ಏಳಕ್ಕೆ ದೀಪಾಲಂಕಾರ. ಸುಮಾರು ಒಂದು ಲಕ್ಷ ದೀಪಗಳು ಒಂದೇ ಸಲ ಹೊತ್ತುತ್ತವೆ. ಆರೂವರೆಗೇ ಹೋಗಿ ಅಂಗಳದಲ್ಲಿ ಜಾಗ ಹಿಡಿಯಿರಿ. ತೀರ ಹತ್ತಿರ ಹೋಗದೆ ಹಿಂದಕ್ಕೆ ನಿಂತರೆ ಇಡೀ ಮುಂಭಾಗ ಕಣ್ಣಿಗೆ ತುಂಬುತ್ತದೆ. ಮಕ್ಕಳ ಕೈ ಬಿಡಬೇಡಿ, ದೀಪ ಹೊತ್ತಿದ ಕ್ಷಣ ಎಲ್ಲರೂ ಒಟ್ಟಿಗೆ ಮುಂದಕ್ಕೆ ನುಗ್ಗುತ್ತಾರೆ. ಆ ರಾತ್ರಿಯೇ ಮರಳುವವರಿಗೆ ಹಾಸನಕ್ಕೆ ಬಸ್ ಸಿಗುತ್ತದೆ. ಅಲ್ಲಿಂದ ಸಕಲೇಶಪುರಕ್ಕೆ ಮಂಗಳೂರು, ಧರ್ಮಸ್ಥಳದ ರಾತ್ರಿ ಬಸ್ಸುಗಳಿವೆ, ಆದರೆ ನಿಂತು ಹೋಗಬೇಕಾಗಬಹುದು. ಹಿರಿಯರಿದ್ದರೆ ಹಾಸನದಲ್ಲೋ ಮೈಸೂರಿನಲ್ಲೋ ಉಳಿದು ಬೆಳಿಗ್ಗೆ ಹೊರಡಿ. ನಾವು ಹಾಗೆಯೇ ಮಾಡಿದೆವು.

ದೀಪಗಳು ಹೊತ್ತಿದಾಗ ಮಗಳು ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದಳು. ಆಮೇಲೆ, ‘ಅಜ್ಜಿ, ಇಷ್ಟು ಬೆಳಕಿದ್ದರೆ ಒಳಗಿನ ಮನೆಯವರಿಗೆ ನಿದ್ದೆ ಬರುತ್ತದಾ?’ ಎಂದು ಕೇಳಿದಳು. ಅತ್ತೆ ಅವಳ ತಲೆಗೆ ಸೆರಗು ಹೊದಿಸುತ್ತಾ, ‘ಎಂಟಕ್ಕೆಲ್ಲ ಆರಿಸುತ್ತಾರಂತೆ, ಬಾ, ನಾವೂ ಹೊರಡೋಣ’ ಎಂದರು.