ಮೂಲೆಯಲ್ಲಿ ಅಕ್ಷರ ಇದೆಯಲ್ಲ, ಮತ್ತೆ ಪ್ಲೇಟ್ ಯಾಕೆ ಗೊತ್ತಾಗಲ್ಲ?

ಮನೆಗೆ ಯಾರೇ ಬಂದರೂ ಅವರಿಗೆ ಆಲ್ಬಮ್ಮಿನ ಮೊದಲ ಪುಟ ತೋರಿಸುವ ಚಪಲ ನನಗೆ. ಅಲ್ಲಿ ಒಂದು ಕಪ್ಪು ಅಂಚೆಚೀಟಿ ಇದೆ. ಪೆನ್ನಿ ಬ್ಲ್ಯಾಕ್. 1840ರ ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಬಂದ, ಅಂಟಿಸುವ ಅಂಚೆಚೀಟಿಗಳಲ್ಲಿ ಪ್ರಪಂಚಕ್ಕೇ ಮೊದಲನೆಯದು. ಅದರ ಕೆಳಗೆ ಪೆನ್ಸಿಲಿನಲ್ಲಿ ‘ಪ್ಲೇಟ್ 6’ ಎಂದು ಬರೆದಿದ್ದೇನೆ. ಪ್ಲೇಟ್ ಅಂದರೆ ಚೀಟಿಗಳ ಹಾಳೆಯನ್ನು ಮುದ್ರಿಸಲು ಬಳಸಿದ ಲೋಹದ ತಗಡು. ನೋಡಿದವರು ಮೊದಲು ಬೆಲೆ ಕೇಳುತ್ತಾರೆ. ಆಮೇಲೆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಇದರ ಮೇಲೆ ಎಲ್ಲೂ 6 ಅಂತ ಇಲ್ಲವಲ್ಲ, ನಿಮಗೆ ಹೇಗೆ ಗೊತ್ತಾಯಿತು?” ಎನ್ನುತ್ತಾರೆ. ಸ್ವಲ್ಪ ಚುರುಕಾದವರು ತಾವೇ ಉತ್ತರ ಹೇಳುತ್ತಾರೆ: “ಕೆಳಗಿನ ಮೂಲೆಗಳಲ್ಲಿ ಎರಡು ಅಕ್ಷರ ಇವೆ. ಅದರಿಂದ, ಅಲ್ವಾ?”

ಅಲ್ಲ. ಹಾಗಂತ ಪೂರ್ತಿ ತಪ್ಪೂ ಅಲ್ಲ.

ಅಕ್ಷರಗಳ ಲೆಕ್ಕ ಸುಲಭ. ಆಗ ಒಂದು ಪೌಂಡಿಗೆ 240 ಪೆನ್ನಿ, ಒಂದು ಶಿಲ್ಲಿಂಗಿಗೆ 12 ಪೆನ್ನಿ. ಹಾಳೆಯನ್ನೂ ಹಾಗೇ ಮಾಡಿದರು. ಅಡ್ಡಕ್ಕೆ 12, ಉದ್ದಕ್ಕೆ 20, ಒಟ್ಟು 240 ಚೀಟಿ. ಒಂದು ಸಾಲಿಗೆ ಒಂದು ಶಿಲ್ಲಿಂಗ್, ಪೂರಾ ಹಾಳೆಗೆ ಒಂದು ಪೌಂಡ್. ಈ ದರವನ್ನು ಹಾಳೆಯ ಅಂಚಿನಲ್ಲೇ ಅಚ್ಚು ಹಾಕಿದ್ದರು. ಜೊತೆಗೆ, ಚೀಟಿಯನ್ನು ವಿಳಾಸದ ಮೇಲ್ಗಡೆ ಬಲಕ್ಕೆ ಅಂಟಿಸಿ, ಹಿಂಬದಿ ಒದ್ದೆ ಮಾಡುವಾಗ ಅಂಟು ಹೋಗದಂತೆ ನೋಡಿಕೊಳ್ಳಿ ಎಂಬ ಬುದ್ಧಿಮಾತೂ ಇತ್ತು. ಅಂಟಿಗೆ ಅವರು ಬಳಸಿದ ಪದ ‘ಸಿಮೆಂಟ್’. ಓದಿದಾಗಲೆಲ್ಲ ನಗು ಬರುತ್ತದೆ.

ಎಡಮೂಲೆಯ ಅಕ್ಷರ ಸಾಲನ್ನು ಹೇಳುತ್ತದೆ, ಎ ಇಂದ ಟಿ ವರೆಗೆ. ಬಲಮೂಲೆಯದು ಆ ಸಾಲಿನಲ್ಲಿ ಎಷ್ಟನೆಯದು ಎಂದು ಹೇಳುತ್ತದೆ, ಎ ಇಂದ ಎಲ್ ವರೆಗೆ. ನನ್ನ ಚೀಟಿಯಲ್ಲಿ ಎಡಕ್ಕೆ ಜೆ, ಬಲಕ್ಕೆ ಎಫ್. ಅಂದರೆ ಹತ್ತನೆಯ ಸಾಲಿನ ಆರನೆಯ ಚೀಟಿ. ಹಾಳೆಯಲ್ಲಿ ಅದರ ಜಾಗ ಇಷ್ಟು ಖಚಿತವಾಗಿ ಗೊತ್ತಾಗುತ್ತದೆ. ಕಳ್ಳಚೀಟಿ ಮಾಡುವವರನ್ನು ತಡೆಯಲು ಹುಡುಕಿದ ಉಪಾಯ ಇದು. ಒಂದೇ ಅಕ್ಷರದ ಚೀಟಿಗಳು ರಾಶಿರಾಶಿ ಬಂದರೆ ಅನುಮಾನ ಬರಲಿ ಎಂದು.

ತೊಡಕು ಇರುವುದು ಮುಂದೆ. ಈ ಚೀಟಿ ಮುದ್ರಿಸಲು ಹನ್ನೊಂದು ಪ್ಲೇಟ್ ಬಳಸಿದರು. ಪ್ರತಿ ಪ್ಲೇಟಿನಲ್ಲೂ ಹತ್ತನೆಯ ಸಾಲಿನ ಆರನೆಯ ಮನೆಯಲ್ಲಿ ಒಂದು ಜೆ-ಎಫ್ ಇದ್ದೇ ಇದೆ. ಅಕ್ಷರ ಕೊಡುವುದು ಮನೆ ನಂಬರ್ ಮಾತ್ರ. ಬೀದಿ ಯಾವುದು ಎಂದು ಅದು ಹೇಳುವುದಿಲ್ಲ.

ಬೀದಿ ಹುಡುಕಬೇಕಾದರೆ ಪ್ಲೇಟ್ ಮಾಡುತ್ತಿದ್ದ ರೀತಿ ಗೊತ್ತಿರಬೇಕು. ರಾಣಿ ವಿಕ್ಟೋರಿಯಾಳ ತಲೆಯನ್ನು ಉಕ್ಕಿನ ಅಚ್ಚಿನಲ್ಲಿ ಒಂದೇ ಸಲ ಕೊರೆದರು. ಕೊರೆದವರು ಚಾರ್ಲ್ಸ್ ಹೀತ್ ಮತ್ತು ಅವನ ಮಗ ಫ್ರೆಡರಿಕ್. ಆ ಅಚ್ಚಿಗೆ ಹದ ಕೊಟ್ಟು ಗಟ್ಟಿ ಮಾಡಿ, ಮೆತ್ತನೆಯ ಉಕ್ಕಿನ ರೋಲರನ್ನು ಅದರ ಮೇಲೆ ಒತ್ತಿ ಉರುಳಿಸಿದರು. ರೋಲರಿನ ಮೇಲೆ ಚಿತ್ರ ಮೂಡಿತು. ರೋಲರಿಗೂ ಹದ ಕೊಟ್ಟು, ಅದನ್ನು ಪ್ಲೇಟಿನ ಮೇಲೆ 240 ಸಲ ಒತ್ತಿದರು. ಲಂಡನ್ನಿನ ಪರ್ಕಿನ್ಸ್ ಬೇಕನ್ ಮುದ್ರಣದವರ ಕೈಚಳಕ ಇದು. ಈ ದಾರಿಯಲ್ಲಿ ಬಂದ ರಾಣಿಯ ಮುಖ ಎಲ್ಲ ಕಡೆಯೂ ಒಂದೇ. ಮುಖ ನೋಡಿ ಪ್ಲೇಟ್ ಹೇಳುವುದು ಹೆಚ್ಚುಕಡಿಮೆ ಆಗದ ಮಾತು.

ಆದರೆ ಅಕ್ಷರಗಳು ರೋಲರಿನಲ್ಲಿ ಇರಲಿಲ್ಲ. ಇರಲು ಸಾಧ್ಯವೂ ಇಲ್ಲ, ಪ್ರತಿ ಚೀಟಿಗೂ ಅಕ್ಷರ ಬೇರೆ ಬೇರೆ ಅಲ್ಲವೇ! ಆ ಎರಡು ಚೌಕಗಳನ್ನು ಖಾಲಿ ಬಿಟ್ಟು, ಆಮೇಲೆ ಒಬ್ಬ ಕೆಲಸಗಾರ ಕುಳಿತು ಪಂಚ್ ಇಟ್ಟು ಸುತ್ತಿಗೆಯಿಂದ ಒಂದೊಂದೇ ಅಕ್ಷರ ಹೊಡೆದ. ಚೀಟಿಗೆ ಎರಡರಂತೆ ಪ್ಲೇಟಿಗೆ 480 ಅಕ್ಷರ. ಹನ್ನೊಂದು ಪ್ಲೇಟಿಗೆ 5,280. ಅವನು ಹೊಡೆಯಬೇಕಾದದ್ದು ಪುಟ್ಟ ಚೌಕದ ನಡುವಿಗೆ, ಅದೂ ಕನ್ನಡಿಯಲ್ಲಿ ಕಾಣುವಂತೆ ಉಲ್ಟಾ ಅಕ್ಷರವನ್ನು, ಬರೀ ಕಣ್ಣಳತೆಯಲ್ಲಿ. ಒಂದು ಕೂದಲೆಳೆಯಷ್ಟು ಎಡಕ್ಕೆ ಹೋಗುತ್ತದೆ, ಇನ್ನೊಂದು ಮೇಲಿನ ಗೆರೆಗೆ ತಾಗುತ್ತದೆ, ಮತ್ತೊಂದು ವಾಲುತ್ತದೆ. ಹನ್ನೊಂದು ಸಲ ಜೆ ಮತ್ತು ಎಫ್ ಹೊಡೆದರೆ ಎರಡು ಸಲ ಒಂದೇ ಥರ ಬೀಳುವುದು ಕಷ್ಟ. ನಾವು ಹುಡುಕುವುದು ಈ ಎಡವಟ್ಟನ್ನೇ. ಅವನ ಕೈ ಯಂತ್ರದ ಹಾಗೆ ಕರಾರುವಾಕ್ಕಾಗಿ ಇದ್ದಿದ್ದರೆ ನನಗೆ ಇವತ್ತು ಈ ಹುಚ್ಚೇ ಇರುತ್ತಿರಲಿಲ್ಲ.

ಕೆಲಸ ಹೀಗೆ. ಒಳ್ಳೆಯ ಭೂತಗನ್ನಡಿ, ಚೆನ್ನಾಗಿ ಸ್ಕ್ಯಾನ್ ಮಾಡಿದ ಚಿತ್ರ, ಪಕ್ಕದಲ್ಲಿ ಎಲ್ಲ ಪ್ಲೇಟ್‌ಗಳ ಜೆ-ಎಫ್ ಫೋಟೊಗಳು. ಈ ಫೋಟೊಗಳನ್ನು ಜೋಡಿಸುವ ಕೆಲಸವನ್ನು ಹಿಂದಿನವರು ನೂರು ವರ್ಷದ ಹಿಂದೆಯೇ ಮಾಡಿಟ್ಟಿದ್ದಾರೆ, ಪುಣ್ಯವಂತರು. ಜೆ ಎಡಗೆರೆಯಿಂದ ಎಷ್ಟು ದೂರ? ಎಫ್‌ನ ಕಾಲು ಕೆಳಗೆರೆ ಮುಟ್ಟಿದೆಯೋ? ಒಂದೊಂದೇ ಪ್ಲೇಟನ್ನು ಪಕ್ಕಕ್ಕೆ ಸರಿಸುತ್ತಾ ಹೋಗುವುದು. ಕೊನೆಗೆ ಎರಡೋ ಮೂರೋ ಉಳಿದಾಗ ಬೇರೆ ಗುರುತು ನೋಡುತ್ತೇವೆ. ಪ್ಲೇಟಿನ ಮೇಲೆ ಜಾಗ ಗುರುತಿಸಲು ಎಳೆದು ಅಳಿಸದೆ ಬಿಟ್ಟ ಗೆರೆ, ಮೇಲಿನ ಮೂಲೆಯ ನಕ್ಷತ್ರದಲ್ಲಿ ಊನ, ಸವೆತ, ಇಂಥವು.

ಒಂದು ಕಡೆ ಅಕ್ಷರವೂ ಕೈಕೊಡುತ್ತದೆ. ಮೊದಲ ಪ್ಲೇಟನ್ನು ಹದ ಕೊಡದೆ ಮುದ್ರಣಕ್ಕೆ ಹಾಕಿದರು. ಅದು ಬೇಗ ಸವೆಯಿತು. ರೋಲರನ್ನು ಮತ್ತೆ ಅದೇ ಜಾಗದಲ್ಲಿ ಒತ್ತಿ ರಿಪೇರಿ ಮಾಡಿದರು. ರಿಪೇರಿಗೆ ಮೊದಲಿನದನ್ನು 1ಎ, ನಂತರದ್ದನ್ನು 1ಬಿ ಎನ್ನುತ್ತಾರೆ. ಅಕ್ಷರಗಳು ಹಳೆಯವೇ. ಹಾಗಾಗಿ ಇಲ್ಲಿ ಜೋಡಿಗೆರೆ ಹುಡುಕಬೇಕು. ಎರಡನೆಯ ಸಲ ಒತ್ತಿದಾಗ ರೋಲರ್ ಒಂಚೂರು ಪಕ್ಕಕ್ಕೆ ಕೂತಿದ್ದರೆ ಗೆರೆ ಎರಡಾಗಿ ಕಾಣುತ್ತದೆ.

ಇಷ್ಟು ಕಷ್ಟಪಟ್ಟು ಸಿಗುವುದೇನು? ದುಡ್ಡಿನ ಮಾತು ಮೊದಲು. ಒಟ್ಟು 6 ಕೋಟಿ 80 ಲಕ್ಷದಷ್ಟು ಮುದ್ರಿಸಿದ ಪೆನ್ನಿ ಬ್ಲ್ಯಾಕ್ ಅಂಥಾ ಅಪರೂಪದ್ದೇನಲ್ಲ. ಆದರೆ 11ನೆಯ ಪ್ಲೇಟ್ ಬೇರೆ ಕಥೆ. ಅದನ್ನು ಮಾಡಿದ್ದೇ ಕೆಂಪು ಚೀಟಿಗಾಗಿ. ಕಪ್ಪು ಚೀಟಿಯ ಮೇಲೆ ಕೆಂಪು ಮೊಹರು ಹಾಕಿದರೆ ಜನ ಅದನ್ನು ಅಳಿಸಿ ಚೀಟಿಯನ್ನು ಮತ್ತೆ ಅಂಟಿಸಬಹುದಿತ್ತು. ಅದಕ್ಕೇ 1841ರಲ್ಲಿ ಚೀಟಿಯನ್ನು ಕೆಂಪು ಮಾಡಿ ಮೊಹರನ್ನು ಕಪ್ಪು ಮಾಡಿದರು. ಅದಕ್ಕೆ ಮೊದಲು 11ನೆಯ ಪ್ಲೇಟಿನಿಂದ ಕಪ್ಪಿನಲ್ಲಿ ಸುಮಾರು 700 ಹಾಳೆ ಮಾತ್ರ ತೆಗೆದರು. ಅದರ ಬೆಲೆ ಬೇರೆ ಪ್ಲೇಟ್‌ಗಳಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಮುಂದೆ ಅವರೇ ನಮ್ಮ ಕೆಲಸ ಸುಲಭ ಮಾಡಿದರು. ಆ ಕೆಂಪು ಚೀಟಿಗೆ ಪೆನ್ನಿ ರೆಡ್ ಎಂದು ಹೆಸರು. 1864ರಲ್ಲಿ ಬಂದ ಪೆನ್ನಿ ರೆಡ್‌ನಲ್ಲಿ ನಾಲ್ಕೂ ಮೂಲೆಗೆ ಅಕ್ಷರ, ಅಕ್ಕಪಕ್ಕದ ಬಲೆಯಂಥ ವಿನ್ಯಾಸದೊಳಗೆ ಪ್ಲೇಟ್ ನಂಬರ್. ಅದರಲ್ಲಿ 77ನೆಯ ಪ್ಲೇಟ್ ಬೆರಳೆಣಿಕೆಯಷ್ಟೇ ಉಳಿದಿದೆ. “ನನ್ನ ಹತ್ರ 77 ಇದೆ” ಎಂದು ಉಸಿರು ಬಿಗಿಹಿಡಿದು ಫೋನ್ ಮಾಡುವವರು ಇದ್ದಾರೆ. ಮೊಹರಿನ ಮಸಿಯಡಿ ಒಂದು 1 ಅಡಗಿದೆಯೇ ನೋಡಿ ಎನ್ನುತ್ತೇನೆ. ಸಾಮಾನ್ಯವಾಗಿ ಅದು 177.

ನಗುವ ಹಕ್ಕು ನನಗಿಲ್ಲ. ನನ್ನ ಜೆ-ಎಫ್ ಪ್ಲೇಟ್ 5 ಎಂದು ಮೊದಲು ನಾನೇ ತೀರ್ಮಾನ ಮಾಡಿದ್ದೆ. ಕೆಲವು ಪ್ಲೇಟ್‌ಗಳಿಂದ, ಅಂದರೆ 1ಬಿ, 2, 5, 8, 9, 10, 11ರಿಂದ, ಮೊದಲು ಕಪ್ಪು, ಆಮೇಲೆ ಕೆಂಪು ಎರಡೂ ಮುದ್ರಣವಾದವು. ಒಂದೇ ಪ್ಲೇಟಿನ ಒಂದೇ ಅಕ್ಷರದ ಕಪ್ಪು-ಕೆಂಪು ಜೋಡಿ ಇಡುವುದು ನಮ್ಮಂಥವರ ಒಂದು ಚಟ. ನಾನೂ ಹುಡುಕಿ ಹುಡುಕಿ ಪ್ಲೇಟ್ 5ರ ಕೆಂಪು ಜೆ-ಎಫ್ ಕೊಂಡೆ. ಕೊಟ್ಟ ದುಡ್ಡನ್ನು ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನನಗಿಂತ ಹಿರಿಯರಾದ ಸಂಗ್ರಾಹಕರೊಬ್ಬರಿಗೆ ತೋರಿಸಿದೆ. ಅವರು ಭೂತಗನ್ನಡಿ ಹಿಡಿದು ಸುಮಾರು ಹೊತ್ತು ನೋಡಿ, “ಎಫ್‌ನ ಕಾಲು ಅಂತ ನೀವು ಅಂದುಕೊಂಡಿರೋದು ಮೊಹರಿನ ಮಸಿ ಕಣ್ರೀ” ಎಂದರು. ಮಸಿಯನ್ನು ಬಿಟ್ಟು ನೋಡಿದರೆ ಅಕ್ಷರ ಬೇರೆಯೇ ಜಾಗದಲ್ಲಿತ್ತು. ಮತ್ತೆ ಮೊದಲಿಂದ ಶುರು ಮಾಡಿದೆ. ಎರಡು ಭಾನುವಾರ ಹೋದವು. ಬಂದದ್ದು ಪ್ಲೇಟ್ 6.

ಪ್ಲೇಟ್ 6ರಿಂದ ಕೆಂಪು ಚೀಟಿ ಮುದ್ರಿಸಲೇ ಇಲ್ಲ. ನನ್ನ ಕಪ್ಪು ಜೆ-ಎಫ್‌ಗೆ ಜೋಡಿ ಎಂಬುದೇ ಇಲ್ಲ. ಆ ಕೆಂಪನ್ನು ಮಾತ್ರ ತೆಗೆದಿಲ್ಲ, ಅದೇ ಪುಟದಲ್ಲಿ ಕಪ್ಪಿನ ಪಕ್ಕಕ್ಕೇ ಇದೆ. ನೋಡಿದವರು, “ಎರಡೂ ಒಂದೇ ಥರ ಇವೆ ಅಲ್ವಾ?” ಎನ್ನುತ್ತಾರೆ. ಆಗ ನಾನು ಭೂತಗನ್ನಡಿ ಕೈಗೆ ಕೊಡುತ್ತೇನೆ.